ಮಾಟುಂಗಾದ ಜನವೂ ಸೌಕರ್ಯವೂ

ಮುಂಬಯಿಗೆ ಹೋಗಿಬಂದ ನಮ್ಮ ಸೀಮೆಯವರನ್ನು ಆ ನಗರದ ವಿಷಯ ಕೇಳಿದರೆ, ಮೂರನೆಯ ಮಾತಿನೊಳಗಾಗಿ ಮಾಟುಂಗಾದ ಹೆಸರು ಬಂದೇ ಬರುತ್ತದೆ. ಅಲ್ಲಿ ಒಳ್ಳೆಯ ಕಾಫಿ ದೊರೆಯುತ್ತದೆ, ಬಾಳೆಯೆಲೆಯ ಊಟ ದೊರೆಯುತ್ತದೆ, ಮಲ್ಲಿಗೆಯ ದಂಡೆ ದೊರೆಯುತ್ತದೆ ಎಂಬುದು ಅವರ ವರದಿ. ನಾವು ಮೊದಲು ಅಲ್ಲಿಗೆ ಹೋದದ್ದೂ ಊಟಕ್ಕಾಗಿಯೇ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಊಟ ಮುಗಿಸಿ, ಅಲ್ಲಿಯೇ ನೆಲಸಿದ್ದ ಕನ್ನಡಿಗ ಸ್ನೇಹಿತರೊಬ್ಬರ ಮನೆಯ ಮೆಟ್ಟಿಲು ಹತ್ತುವಾಗ ಬಾಗಿಲುಗಳ ಮೇಲಿನ ಹೆಸರುಗಳನ್ನು ಓದುತ್ತ ಹೋದೆವು. ಮೊದಲನೆಯ ಅಂತಸ್ತಿನಲ್ಲಿ ಪಾಲಕ್ಕಾಡಿನ ಅಯ್ಯರ್ ಒಬ್ಬರು, ಅವರ ಎದುರಿಗೆ ಕಚ್ಛದ ವ್ಯಾಪಾರಿ. ಎರಡನೆಯದರಲ್ಲಿ ಮಂಗಳೂರಿನ ಕೊಂಕಣಿಯವರು, ಅವರ ಮಗ್ಗುಲಲ್ಲಿ ಮರಾಠಿಯವರು. ಸ್ನೇಹಿತರ ಮನೆಯನ್ನೂ ಸೇರಿಸಿಕೊಂಡರೆ ಒಂದು ಮೆಟ್ಟಿಲಿಗೆ ಐದು ಭಾಷೆಗಳಾದುವು. ಇಂಥ ಜನ ಒಂದೆಡೆ ಹೇಗೆ ಕೂಡಿತು, ಅವರಿಗೆ ಸೌಕರ್ಯಗಳು ಹೇಗೆ ಒದಗಿದುವು, ಯಾರಿಗೆ ಒದಗಲಿಲ್ಲ ಎಂಬುದೇ ಈ ಹೊತ್ತು ನಾವು ಹೇಳಬೇಕೆಂದಿರುವ ವಿಷಯ.

ಮಾಟುಂಗಾವನ್ನು ಕಟ್ಟಿಸಿದ್ದು ಪ್ಲೇಗು ಎಂದರೆ ತಪ್ಪಾಗಲಾರದು. 1896ರಲ್ಲಿ ಆ ಮಾರಿ ಮುಂಬಯಿಗೆ ಬಂದಿತು. ಗಾಳಿ ಬೆಳಕಿಲ್ಲದ ಚಾಳುಗಳೇ ರೋಗದ ತವರೆಂದು ಬಗೆದ ಸರ್ಕಾರ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಎಂಬ ಮಂಡಲಿಯನ್ನು ನೇಮಿಸಿತು. ಅದೇ 1898ರಲ್ಲಿ ಪ್ಲೇಗು ಬೆಂಗಳೂರಿಗೂ ಬಂದು, ಬಸವನಗುಡಿ ಮಲ್ಲೇಶ್ವರಗಳು ಹುಟ್ಟಿದ ಕಥೆಯನ್ನು ಶ್ರೋತೃಗಳು ಬಲ್ಲರು. ಮುಂಬಯಿಯ ಟ್ರಸ್ಟು ದ್ವೀಪದ ಉತ್ತರ ಭಾಗದ ದಾದರ, ಮಾಟುಂಗಾ, ಸಾಯನ್ ಕಡೆಗಳಲ್ಲಿ ಭೂಮಿಯನ್ನು ವಶಪಡಿಸಿಕೊಂಡು, ಅಗಲವಾದ ಬೀದಿಗಳನ್ನು ಎಳೆದು, ಕಟ್ಟಡ ಕಟ್ಟಡಗಳ ನಡುವೆ ತೆರಪಿರಬೇಕೆಂದು ವಿಧಿಸಿತು. ಆದರೆ ಹಳೆಯ ಊರಿನಲ್ಲಿ ಯಾರ ಮನೆಗಳು ನೆಲಸಮವಾದುವೋ ಅವರು ಈ ಹೊಸ ಬಡಾವಣೆಗೆ ಬರಲಿಲ್ಲ. ಇಲ್ಲಿಯ ಬಾಡಿಗೆ ಅವರ ಕೈಗೆ ಎಟುಕುವಂತಿರಲಿಲ್ಲ. ಬಂದವರು ಮಧ್ಯಮವರ್ಗದವರು.

ಮೊದಮೊದಲು ಪಂಗಡ ಪಂಗಡವಾಗಿ ಬಂದರು. ಟ್ರಸ್ಟಿನಲ್ಲಿ ಎಂಜಿನಿಯರಾಗಿದ್ದ ಮಂಚೇರ್ಜಿ ಜೋಶಿಯವರು ಪಾರಸಿಗಳಿಗೆಂದು 103 ನಿವೇಶನಗಳನ್ನು ಬಿಡಿಸಿಕೊಟ್ಟರು. ಅಲ್ಲಿಯ ಐದು ಉದ್ಯಾನಗಳಿಗೆ ಈಗಲೂ ಅವರ ಹೆಸರಿದೆ. ಅದರ ಪಕ್ಕದಲ್ಲಿಯೇ ಹಿಂದೂ ಕಾಲೊನಿ. ರೈಲ್ವೆ ಆಫೀಸು, ವರ್ತಕರ ಕಚೇರಿಗಳಲ್ಲಿ ಗುಮಾಸ್ತೆಗಳಾಗಿಯೂ ಬೆರಳಚ್ಚುಗಾರರಾಗಿಯೂ ಬಂದ ದಕ್ಷಿಣದವರು ಕಿಂಗ್ಸ್ ಸರ್ಕಲ್ಲಿನ ಸುತ್ತ ಮನೆ ಹಿಡಿದರು. ಗುಜರಾತಿಗಳೂ ಕಚ್ಛಿಗಳೂ ಸೇರಿದರು. 1947ರ ವಿಭಜನೆಯ ತರುವಾಯ ಪಂಜಾಬಿನ ನಿರಾಶ್ರಿತರು ನೆರೆಯ ಸಾಯನ್ ಕೋಳಿವಾಡದಲ್ಲಿ ನೆಲಸಿದರು. ದಕ್ಷಿಣದವರನ್ನೆಲ್ಲ ಮುಂಬಯಿ ‘ಮದರಾಸಿ’ ಎಂಬ ಒಂದೇ ಹೆಸರಿನಿಂದ ಕರೆಯುತ್ತಿತ್ತು. ನಮ್ಮ ಮೈಸೂರಿನವರಿಗೆ ಇದರಿಂದ ಮುಖ ಗಂಟಾಗುತ್ತಿದ್ದುದು ಸಹಜ. ಆದರೂ ತಮ್ಮೂರಿನಲ್ಲಿ ಒಂದು ಪಂಕ್ತಿಯಲ್ಲಿ ಕೂಡದಿದ್ದವರು ಆ ಹೆಸರಿನ ನೆರಳಿನಲ್ಲಿ ಒಂದೇ ಶಾಲೆಗೆ ಚಂದಾ ಎತ್ತುವಷ್ಟು ಹತ್ತಿರವಾದರು. ದಕ್ಷಿಣ ಭಾರತೀಯರ ವಿದ್ಯಾಸಂಸ್ಥೆ 1932ರಲ್ಲಿ ಹುಟ್ಟಿತು.

ಮಾಟುಂಗಾದ ಮನೆಯ ವಿಷಯವಾಗಿ ಸ್ವಲ್ಪ ನಿಧಾನಿಸಿ ಹೇಳಬೇಕು. ಚಾಳಿನಲ್ಲಿ ಒಂದೊಂದು ಸಂಸಾರಕ್ಕೆ ಒಂದೆರಡು ಕೋಣೆ. ನಲ್ಲಿಯೂ ಕಕ್ಕಸೂ ಪಡಸಾಲೆಯ ಕೊನೆಯಲ್ಲಿ ಎಲ್ಲರಿಗೂ ಸೇರಿದ್ದು. ಮಾಟುಂಗಾದ ಫ್ಲ್ಯಾಟಿನಲ್ಲಿಯಾದರೋ ಅಡಿಗೆಮನೆ, ಬಚ್ಚಲು, ಕಕ್ಕಸು ಎಲ್ಲವೂ ಒಂದೇ ಬಾಗಿಲಿನೊಳಗೆ. ಇಂದು ನಮಗೆ ಇದು ಸೌಕರ್ಯವೆಂದು ತೋರುತ್ತದೆ. ಆ ಕಾಲದ ಮಡಿವಂತರಿಗೆ ಇದು ಸಂಕಟವಾಗಿತ್ತು. ದೇವರ ಗೂಡಿರುವ ಸೂರಿನ ಕೆಳಗೆ ಕಕ್ಕಸು ಇರಬಹುದೆ? ಅದನ್ನು ಹಿಂದಿನ ಮೂಲೆಗೆ ಸರಿಸಿದ್ದಾಯಿತು. ಜಾಡಮಾಲಿಗಳು ಮುಂದಿನ ಮೆಟ್ಟಿಲನ್ನು ತುಳಿಯದೆ ಮೇಲೆ ಬರಲೆಂದು ಆ ಕಾಲದ ಎಷ್ಟೋ ಕಟ್ಟಡಗಳ ಬೆನ್ನಿಗೆ ಕಬ್ಬಿಣದ ಸುರುಳಿ ಮೆಟ್ಟಿಲನ್ನು ಕಟ್ಟಿದರು. ಮುಂದಿನ ಮೆಟ್ಟಿಲಿನಲ್ಲಿ ಐದು ಭಾಷೆಗಳು ಒಂದಾದುವೆಂದು ನಾವು ಹಿಗ್ಗಿದೆವಷ್ಟೆ. ಹಿಂದಿನ ಮೆಟ್ಟಿಲಿನ ಸಂಗತಿ ನಮಗೆ ತಿಳಿದದ್ದು ಎರಡನೆಯ ಸಲ ಹೋದಾಗ.

ಮಿಕ್ಕ ಸೌಕರ್ಯಗಳಿಗೆ ಕೊರತೆಯಿಲ್ಲ. ಮಾಟುಂಗಾ, ಮಾಟುಂಗಾ ರೋಡ್, ಕಿಂಗ್ಸ್ ಸರ್ಕಲ್ ಎಂದು ಮೂರು ರೈಲುದಾರಿಗಳಿಗೆ ಮೂರು ನಿಲ್ದಾಣಗಳಿವೆ. ಇವುಗಳಲ್ಲಿ ಮೊದಲನೆಯದನ್ನು 2017ರಲ್ಲಿ ಸಂಪೂರ್ಣವಾಗಿ ಮಹಿಳಾ ಸಿಬ್ಬಂದಿಯ ವಶಕ್ಕೆ ಕೊಟ್ಟರು. ವಿಕ್ಟೋರಿಯಾ ಜೂಬಿಲಿ ತಾಂತ್ರಿಕ ವಿದ್ಯಾಲಯ 1923ರಲ್ಲಿ ಇಲ್ಲಿಗೆ ಬಂದಿತು. ಖಾಲ್ಸಾ ಮತ್ತು ರುಯಿಯಾ ಕಾಲೇಜುಗಳು 1937ರಲ್ಲಿ ಆರಂಭವಾದುವು. ಮೈಸೂರು ಅಸೋಸಿಯೇಷನ್ 1926ರಿಂದ, ಕರ್ನಾಟಕ ಸಂಘ 1933ರಿಂದ ಇವೆ. ವಿದ್ಯಾರ್ಥಿಗಳಿಗೂ ಒಂಟಿ ಗುಮಾಸ್ತೆಗಳಿಗೂ ಬೇಕಾದದ್ದು ಅಗ್ಗದ ಊಟ. ರಾಮ ನಾಯಕರು 1942ರಲ್ಲಿ ನಿಲ್ದಾಣದ ಬಳಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ತೆರೆದರು. ಕಿಂಗ್ಸ್ ಸರ್ಕಲ್ಲಿನ ಕಾಲುದಾರಿಯ ಮೇಲೆ ಹಳೆಯ ಪುಸ್ತಕಗಳನ್ನು ಮಾರುತ್ತಾರೆ. ನಮ್ಮ ಮಟ್ಟಿಗೆ ಆ ಬಡಾವಣೆಯ ಉತ್ತಮ ಸೌಕರ್ಯ ಅದೇ. ಅಲ್ಲಿ ನಿಂತು ಓದುವುದಕ್ಕೆ ಬಾಡಿಗೆ ಕೊಡಬೇಕಾಗಿಲ್ಲ.

ಈಗ ರೈಲುಹಾದಿಯನ್ನು ದಾಟಿ ವಾಯವ್ಯಕ್ಕೆ ಹೋಗೋಣ. ಅಲ್ಲಿ ಮಾಟುಂಗಾದ ಹೆಸರನ್ನೇ ಹೊತ್ತ ಇನ್ನೊಂದು ಕೇರಿಯಿದೆ, ಮಾಟುಂಗಾ ಲೇಬರ್ ಕ್ಯಾಂಪ್. ನಗರವನ್ನು ಗುಡಿಸುವವರು ಬಹುಕಾಲದಿಂದ ಅಲ್ಲಿ ವಾಸವಾಗಿದ್ದಾರೆ. ಅದು ಧಾರಾವಿಯ ಅಂಚು. ಧಾರಾವಿಯ ಜನ ಮಾಟುಂಗಾದ ಜನಕ್ಕಿಂತ ಏಕವಿಧವಾಗಿದೆಯೇ ಎಂದರೆ, ಇಲ್ಲ. ತಿರುನೆಲ್ವೇಲಿಯ ಕಡೆಯಿಂದ ಚರ್ಮ ಹದಮಾಡಲು ಬಂದವರು, ಸೌರಾಷ್ಟ್ರದ ಕುಂಬಾರರು, ಉತ್ತರದೇಶದ ಕಸೂತಿಯ ಕೆಲಸಗಾರರು, ಕನ್ನಡನಾಡಿನಿಂದ ಕೂಲಿಗೆ ಹೋದವರು, ಎಲ್ಲರೂ ಇದ್ದಾರೆ. ಎರಡು ಚದರ ಕಿಲೋಮೀಟರಿಗೆ ತುಸು ಮೇಲ್ಪಟ್ಟ ಆ ಜಾಗದಲ್ಲಿ 3 ಲಕ್ಷ ಜನರಿದ್ದಾರೆಂದು ಒಬ್ಬರು ಹೇಳಿದರೆ 10 ಲಕ್ಷವೆಂದು ಇನ್ನೊಬ್ಬರು ಹೇಳುತ್ತಾರೆ. ಲೆಕ್ಕದಲ್ಲಿ ಇಷ್ಟು ಅಂತರವಿರುವ ಕಡೆ ನಲ್ಲಿಗಳನ್ನು ಯಾವ ಅಳತೆಯ ಮೇಲೆ ಹಾಕುವುದು? 2020ರಲ್ಲಿ ಕೊರೋನಾ ರೋಗ ಅಲ್ಲಿಗೆ ಕಾಲಿಟ್ಟಾಗ ಅಧಿಕಾರಿಗಳ ದೊಡ್ಡ ಚಿಂತೆ ಸಾರ್ವಜನಿಕ ಕಕ್ಕಸುಗಳದೇ ಆಗಿತ್ತು. ದಿನಕ್ಕೆ ಹಲವು ಬಾರಿ ಅವನ್ನು ತೊಳೆಸಿದರು. 1896ರ ಚಾಳಿನ ಸಮಸ್ಯೆ ಬಗೆಹರಿದಿರಲಿಲ್ಲ, ಕೇವಲ ಜಾಗ ಬದಲಾಯಿಸಿತ್ತು.

ಧಾರಾವಿಯನ್ನು ಹೊಸದಾಗಿ ಕಟ್ಟುವ ಯೋಜನೆ 2004ರಿಂದಲೂ ನಡೆದಿದೆ. 2000ನೆಯ ಇಸವಿ ಜನವರಿ 1ಕ್ಕೆ ಹಿಂದಿನಿಂದ ನೆಲದಂತಸ್ತಿನಲ್ಲಿ ವಾಸವಾಗಿರುವವರಿಗೆ ಅಲ್ಲಿಯೇ ಮನೆ. ಅನಂತರ ಬಂದವರಿಗೂ ಮೇಲಂತಸ್ತಿನವರಿಗೂ ಬೇರೆ ಕಡೆ ಎಂಬುದು ಅದರ ಕಟ್ಟಳೆ. ಇತ್ತ ಮಾಟುಂಗಾದ ಕಟ್ಟಡಗಳೂ ಮುದಿಯಾಗಿವೆ. 1947ರ ಬಾಡಿಗೆ ಶಾಸನ ಹಳೆಯ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿದ್ದರಿಂದ ಮಾಲೀಕರು ರಿಪೇರಿಯನ್ನು ಕೈಬಿಟ್ಟರು. ಈಗ ಮೂರು ಅಂತಸ್ತಿನವನ್ನು ಕೆಡವಿ ಗೋಪುರಗಳನ್ನೇ ಎಬ್ಬಿಸುತ್ತಿದ್ದಾರೆ.

ಕಳೆದ ಸಲ ಹೋದಾಗ ಸ್ನೇಹಿತರ ಕಟ್ಟಡಕ್ಕೂ ಅದೇ ಗತಿ ಗೊತ್ತಾಗಿತ್ತು. ಅವರು ಹಿಂದಿನ ಬಾಗಿಲನ್ನು ತೆರೆದು ಸುರುಳಿ ಮೆಟ್ಟಿಲನ್ನು ತೋರಿಸಿದರು. ತುಕ್ಕು ಹಿಡಿದು ಎರಡು ಹಲಗೆ ಕಳಚಿದ್ದುವು. ‘ನಲವತ್ತು ವರ್ಷದಲ್ಲಿ ಒಂದು ದಿನವೂ ನಾನು ಇದರಲ್ಲಿ ಇಳಿದಿಲ್ಲ’ ಎಂದರು. ಹೊಸ ಕಟ್ಟಡದ ನಕ್ಷೆ ಮೇಜಿನ ಮೇಲೆ ಬಿಚ್ಚಿಕೊಂಡಿತ್ತು. ಹಿಂದಿನ ಮೆಟ್ಟಿಲು ಅದರಲ್ಲಿ ಇರಲಿಲ್ಲ, ಎರಡು ಲಿಫ್ಟುಗಳಿದ್ದುವು. ಎರಡನೆಯದು ಯಾರಿಗೆಂದು ನಾವು ಕೇಳಿದೆವು. ಸ್ನೇಹಿತರು ನಕ್ಷೆಯನ್ನು ಇನ್ನೊಮ್ಮೆ ನೋಡತೊಡಗಿದರು.