ವಿದ್ವತ್ಪತ್ರಿಕೆಗಳ ಹೊಣೆ

ಹುಬ್ಬಳ್ಳಿಯ ಬೆಂಗೇರಿ ಹೊರಗಿನವರಿಗೆ ಪರಿಚಿತವಾಗಿರುವುದು ಅಲ್ಲಿ ಸಿದ್ಧವಾಗುವ ರಾಷ್ಟ್ರಧ್ವಜದಿಂದ. 1957ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಆವರಣದಲ್ಲಿ ಈ ಕೆಲಸ ನಡೆಯುತ್ತದೆ. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ನೇಯ್ದ ಖಾದಿಗೆ ಇಲ್ಲಿ ಬಣ್ಣ ಕಟ್ಟಿ, ಎರಡೂ ಮಗ್ಗುಲಿಗೆ ಅಶೋಕಚಕ್ರವನ್ನು ಅಚ್ಚೊತ್ತಿ, ಅಳತೆಗೆ ಕತ್ತರಿಸಿ ಹೊಲಿಯುತ್ತಾರೆ. ಎಳೆಗಳ ಎಣಿಕೆ, ಬಟ್ಟೆಯ ತೂಕ, ಬಣ್ಣದ ಗಟ್ಟಿತನ, ಎರಡು ಮಗ್ಗುಲಿನ ಚಕ್ರಗಳು ಒಂದರ ಮೇಲೊಂದು ಸರಿಯಾಗಿ ಕೂಡುವುದು, ಇವೆಲ್ಲವೂ ಮಾನಕ ಬ್ಯೂರೋದ ನಿಯಮಕ್ಕೆ ಒಳಪಟ್ಟಿವೆ. ಆ ನಿಯಮದ ಸಂಖ್ಯೆ ‘ಐಎಸ್ 1’. ಸ್ವತಂತ್ರ ಭಾರತವು ತನ್ನ ಮಾನಕಗಳ ಪಟ್ಟಿಯಲ್ಲಿ ಮೊದಲ ಸ್ಥಾನವನ್ನು ಕೊಟ್ಟುದು ಧ್ವಜದ ಬಟ್ಟೆಗೆ, 1951ರಲ್ಲಿ. ಪರೀಕ್ಷೆಯಲ್ಲಿ ನಿಲ್ಲದ ಬಟ್ಟೆ ಧ್ವಜವಾಗುವುದಿಲ್ಲ. ಆ ತಿರಸ್ಕಾರದಿಂದಲೇ ಉಳಿದ ಧ್ವಜದ ಮೇಲಿನ ಮುದ್ರೆಗೆ ಬೆಲೆ ಬಂದಿದೆ.

ನಾನು ಈ ಬಡಾವಣೆಯ ನಿವಾಸಿಯಾದರೂ ನನ್ನ ವೃತ್ತಿ ಪಾಠ ಹೇಳುವುದು. ವಿದ್ವಾಂಸರು ತಮ್ಮ ಸಂಶೋಧನೆಗಳನ್ನು ಪ್ರಕಟಿಸುವ ಪತ್ರಿಕೆಗಳ ವಿಷಯವಾಗಿ ಮಾತನಾಡಲು ಒಪ್ಪಿಕೊಂಡಾಗ ನನಗೆ ಮೊದಲು ನೆನಪಾದುದು ಈ ತಿರಸ್ಕಾರದ ಮಾತು. ಯಾಕೆಂದರೆ ಇಂದು ನಮ್ಮ ನಾಡಿನಲ್ಲಿ ಏನನ್ನೂ ತಿರಸ್ಕರಿಸದ ಪತ್ರಿಕೆಗಳು ಹೇರಳವಾಗಿವೆ.

ವಿದ್ವತ್ಪತ್ರಿಕೆಯು ವೃತ್ತಪತ್ರಿಕೆಯಂತೆ ಸುದ್ದಿಯನ್ನು ಕೊಡುವುದಕ್ಕಾಗಿ ಹುಟ್ಟಿದುದಲ್ಲ. 1665ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿಯಾಗಿದ್ದ ಹೆನ್ರಿ ಓಲ್ಡನ್‌ಬರ್ಗ್ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಎಂಬ ಪತ್ರಿಕೆಯನ್ನು ಆರಂಭಿಸಿದಾಗ, ಯಾರು ಏನನ್ನು ಯಾವಾಗ ಕಂಡರೆಂಬುದನ್ನು ಎಲ್ಲರೆದುರು ದಾಖಲಿಸುವುದು ಅವನ ಉದ್ದೇಶವಾಗಿತ್ತು. ಲೇಖನವನ್ನು ಅದೇ ವಿಷಯದ ಬೇರೆ ತಜ್ಞರಿಗೆ ತೋರಿಸಿ, ಅವರ ಅಭಿಪ್ರಾಯವನ್ನು ಪಡೆದು ಅಚ್ಚು ಹಾಕುವ ಪದ್ಧತಿ ಮುಂದೆ ಮೆಲ್ಲಮೆಲ್ಲನೆ ಬೆಳೆಯಿತು. ನಮ್ಮಲ್ಲಿಯೂ ಈ ಪರಂಪರೆ ತಡವಾಗಿ ಬಂದುದಲ್ಲ. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದ ‘ವಾಗ್ಭೂಷಣ’ 1896ರದು. ‘ಪ್ರಬುದ್ಧ ಕರ್ನಾಟಕ’ 1919ರದು. ಬೆಂಗಳೂರಿನಿಂದ ‘ಕರೆಂಟ್ ಸೈನ್ಸ್’ 1932ರಲ್ಲಿ ಹೊರಟಿತು. ಎರಡು ವರ್ಷಗಳ ನಂತರ ಸಿ. ವಿ. ರಾಮನ್ನರು ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದಾಗ ಅದರ ಮೊದಲ ಕೆಲಸಗಳಲ್ಲೊಂದು ಸಂಶೋಧನ ಪತ್ರಿಕೆಯನ್ನು ಹೊರಡಿಸುವುದಾಗಿತ್ತು.

ಆದರೆ ಪತ್ರಿಕೆಯ ನೀತಿ ಎಂದರೇನೆಂಬುದನ್ನು ತಿಳಿಯಬೇಕಾದರೆ ನಾನು ಇವೆಲ್ಲಕ್ಕಿಂತ ಹೆಚ್ಚಾಗಿ ಒಂದು ಹಳೆಯ ವಾದವನ್ನು ನೆನೆಯುತ್ತೇನೆ. ಧಾರವಾಡ, ಬೆಳಗಾವಿ, ವಿಜಾಪುರಗಳ ಶಾಸನಗಳನ್ನು ಓದಿ ಕನ್ನಡ ನಾಡಿನ ರಾಜವಂಶಗಳ ಚರಿತ್ರೆಯನ್ನು ಕಟ್ಟಿದ ಜೆ. ಎಫ್. ಫ್ಲೀಟರು ತಮ್ಮ ಬಹುಪಾಲು ಲೇಖನಗಳನ್ನು ಪ್ರಕಟಿಸಿದ್ದು 1872ರಲ್ಲಿ ಆರಂಭವಾದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ; ಕೆಲಕಾಲ ಅದರ ಸಂಪಾದಕರಲ್ಲಿ ಅವರೂ ಒಬ್ಬರಾಗಿದ್ದರು. ಭೂಮಿಯ ಹಕ್ಕನ್ನು ಸಾಧಿಸುವುದಕ್ಕಾಗಿ ಹಿಂದಿನ ಅರಸರ ಹೆಸರಿನಲ್ಲಿ ಸುಳ್ಳು ತಾಮ್ರಪಟಗಳನ್ನು ಕೆತ್ತಿಸುವುದು ನಮ್ಮಲ್ಲಿ ಪುರಾತನವಾದ ಕಸುಬು. ಫ್ಲೀಟರು ಲಿಪಿಯ ಕಾಲವನ್ನೂ, ತಿಥಿ ವಾರಗಳ ಲೆಕ್ಕವನ್ನೂ ಹಿಡಿದು ಇಂಥ ಪಟಗಳನ್ನು ಜರಡಿ ಹಿಡಿದರು; 1901ರಲ್ಲಿ ಭಾರತದ ಕೃತ್ರಿಮ ಶಾಸನಗಳ ಬಗೆಗೇ ಅದೇ ಪತ್ರಿಕೆಯಲ್ಲಿ ಬರೆದರು. ತಲಕಾಡಿನ ಗಂಗರ ಹಳೆಯ ತಾಮ್ರಪಟಗಳನ್ನೂ ಅವರು ಕೃತ್ರಿಮವೆಂದರು. ಮೈಸೂರಿನಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ವನ್ನು ಹೊರತಂದ ಬಿ. ಎಲ್. ರೈಸರು ಅದನ್ನು ಒಪ್ಪಲಿಲ್ಲ. ಎಷ್ಟೋ ವರ್ಷ ಇಬ್ಬರ ವಾದ ಅಚ್ಚಿನಲ್ಲಿಯೇ ನಡೆಯಿತು. ಮಾತು ಕೆಲವೊಮ್ಮೆ ಬಿರುಸಾಗಿಯೂ ಇತ್ತು. ಕೊನೆಗೆ ಪೆನುಕೊಂಡದ ತಾಮ್ರಪಟ ಬೆಳಕಿಗೆ ಬಂದಾಗ, 1915ರಲ್ಲಿ, ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅದು ನೈಜವಾದ ಗಂಗ ಶಾಸನವೆಂದು ಬರೆದವರು ಸ್ವತಃ ಫ್ಲೀಟರು.

ಇಲ್ಲಿ ಯಾರು ಗೆದ್ದರೆಂಬುದು ಮುಖ್ಯವಲ್ಲ. ಒಬ್ಬರು ಇನ್ನೊಬ್ಬರ ಓದನ್ನು ಹೆಸರು ಹೇಳಿ ಎದುರಿಸಿದರು, ಆಧಾರವನ್ನು ಮುಂದಿಟ್ಟರು, ಆಧಾರ ಬದಲಾದಾಗ ಅಭಿಪ್ರಾಯವನ್ನು ಅಷ್ಟೇ ಬಹಿರಂಗವಾಗಿ ಬದಲಿಸಿದರು. ಇಂದು ಗಂಗರ ಚರಿತ್ರೆಯನ್ನು ಬರೆಯುವವನು ಆ ಸಂಪುಟಗಳನ್ನು ತೆರೆದು ವಾದದ ಪ್ರತಿಯೊಂದು ಹೆಜ್ಜೆಯನ್ನೂ ನೋಡಬಲ್ಲ.

ತಾಮ್ರಪಟ ಕೃತ್ರಿಮವಾದರೆ ಬಹಳವೆಂದರೆ ಒಂದು ವಂಶಾವಳಿ ಕೆಡುತ್ತದೆ ಎನ್ನಬಹುದು. ವೈದ್ಯಶಾಸ್ತ್ರದಲ್ಲಿ ಹಾಗಲ್ಲ. 1998ರಲ್ಲಿ ‘ಲ್ಯಾನ್ಸೆಟ್’ ಎಂಬ ಪ್ರಸಿದ್ಧ ಪತ್ರಿಕೆ ಹನ್ನೆರಡು ಮಕ್ಕಳನ್ನು ಕುರಿತ ಒಂದು ಲೇಖನವನ್ನು ಪ್ರಕಟಿಸಿತು. ದಡಾರ, ಮಂಗನಬಾವು, ರುಬೆಲ್ಲಾಗಳ ಲಸಿಕೆಗೂ ಆಟಿಸಂ ಎಂಬ ಬೆಳವಣಿಗೆಯ ತೊಂದರೆಗೂ ಸಂಬಂಧವಿರಬಹುದೆಂಬ ಶಂಕೆಯನ್ನು ಅದು ಹುಟ್ಟಿಸಿತು. ಪತ್ರಿಕೆ ಆ ಲೇಖನವನ್ನು ಪೂರ್ತಿಯಾಗಿ ಹಿಂದಕ್ಕೆ ಪಡೆದುದು 2010ರಲ್ಲಿ. ನಡುವಿನ ಹನ್ನೆರಡು ವರ್ಷಗಳಲ್ಲಿ ಎಷ್ಟೋ ತಾಯಿತಂದೆಯರು ಮಕ್ಕಳಿಗೆ ಲಸಿಕೆ ಹಾಕಿಸಲು ಹೆದರಿದರು. ಆ ಹೆದರಿಕೆ ಇನ್ನೂ ಅಳಿದಿಲ್ಲ. ಸಂಪಾದಕನ ಮೇಜಿನ ಮೇಲಿನ ನಿರ್ಣಯ ತೊಟ್ಟಿಲಿನವರೆಗೆ ಹೋಗುತ್ತದೆ.

ಇನ್ನು ನಮ್ಮ ಮನೆಯ ಮಾತಿಗೆ ಬರೋಣ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2009ರಲ್ಲಿ, ಪಿಎಚ್.ಡಿ. ಪ್ರಬಂಧವನ್ನು ಒಪ್ಪಿಸುವ ಮುನ್ನ ಒಂದು ಲೇಖನವಾದರೂ ಅಚ್ಚಾಗಿರಬೇಕೆಂದು ವಿಧಿಸಿತು. 2010ರ ನಿಯಮಗಳು ಅಧ್ಯಾಪಕರ ನೇಮಕ ಬಡ್ತಿಗಳಿಗೆ ಲೇಖನಗಳ ಅಂಕಗಳನ್ನು ಕಟ್ಟಿದವು. ಉದ್ದೇಶ ಒಳ್ಳೆಯದೇ. ಆದರೆ ವಾರಕ್ಕೆ ಹದಿನೆಂಟು ಇಪ್ಪತ್ತು ತಾಸು ಪಾಠ ಹೇಳುತ್ತ, ಗ್ರಂಥಾಲಯದಲ್ಲಿ ಹೊಸ ಪುಸ್ತಕ ಕಾಣದ ಕಾಲೇಜಿನ ಅಧ್ಯಾಪಕ ಸಂಶೋಧನೆಯನ್ನು ಎಲ್ಲಿಂದ ತರಬೇಕು? ಬೇಡಿಕೆ ಹುಟ್ಟಿದಲ್ಲಿ ಅಂಗಡಿ ಹುಟ್ಟಿತು. ಹಣ ಕಳುಹಿಸಿದರೆ ವಾರದೊಳಗೆ ಲೇಖನವನ್ನು ಪ್ರಕಟಿಸುವ ‘ಅಂತರರಾಷ್ಟ್ರೀಯ’ ಪತ್ರಿಕೆಗಳು ನಾಯಿಕೊಡೆಗಳಂತೆ ಎದ್ದವು.

ಕೆಲವು ವರ್ಷಗಳ ಹಿಂದೆ ಒಬ್ಬ ಸಂಶೋಧನ ವಿದ್ಯಾರ್ಥಿನಿ ತನ್ನ ಮೊದಲ ಲೇಖನವನ್ನು ಹಿಡಿದು ಮನೆಗೆ ಬಂದಳು. ತಂದೆ ಒಣಬೇಸಾಯದ ರೈತ; ಆಕೆ ಶಿಷ್ಯವೇತನದ ಹಣದಲ್ಲಿ ಕೆಲವು ಸಾವಿರವನ್ನು ಪತ್ರಿಕೆಗೆ ಕಟ್ಟಿದ್ದಳು. ಜೊತೆಗೆ ಒಂದು ಬಣ್ಣದ ಪ್ರಮಾಣಪತ್ರವೂ ಇತ್ತು. ಓದಿ ನೋಡಿದರೆ ಎರಡನೆಯ ಪುಟದಲ್ಲಿದ್ದ ಪರಿಚ್ಛೇದವೇ ನಾಲ್ಕನೆಯ ಪುಟದಲ್ಲಿ ಮತ್ತೆ ಬಂದಿದೆ. ಕೋಷ್ಟಕದ ಮೊತ್ತ ಕೂಡುವುದಿಲ್ಲ.

“ಅಚ್ಚು ಹಾಕೂ ಮೊದಲ ಯಾರರೆ ಇದನ್ನ ಓದಿದ್ರೇನವಾ?” ಎಂದೆ.

“ಯಾರೂ ಏನೂ ಕೇಳಲಿಲ್ರಿ ಸರ. ರೊಕ್ಕ ಮುಟ್ಟಿದ ಮೂರನೇ ದಿವಸಕ್ಕ ಅಚ್ಚಾತ್ರಿ” ಎಂದಳು. ಆ ಮಾತಿನಲ್ಲಿ ಸಂತೋಷವಿರಲಿಲ್ಲ. ಆಕೆಯ ಕೆಲಸದಲ್ಲಿ ನಿಜವಾದ ತಿರುಳಿತ್ತು. ನಮ್ಮ ಭಾಗದ ಹತ್ತಿಯ ಬೆಳೆಯ ಬಗ್ಗೆ ಹಳ್ಳಿ ತಿರುಗಿ ಕೂಡಿಸಿದ ವಿವರಗಳಿದ್ದವು. ಯಾರಾದರೂ ಒಬ್ಬರು ಗಮನವಿಟ್ಟು ಓದಿ, ಇಲ್ಲಿ ತಪ್ಪಿದೆ, ಇದನ್ನು ಬೆಳೆಸು ಎಂದಿದ್ದರೆ ಅದು ಒಳ್ಳೆಯ ಲೇಖನವಾಗುತ್ತಿತ್ತು. ಒಮ್ಮೆ ಅಚ್ಚಾದುದನ್ನು ತಿದ್ದಿ ಇನ್ನೊಂದು ಪತ್ರಿಕೆಗೆ ಹೊಸದೆಂದು ಕೊಡುವಂತೆಯೂ ಇಲ್ಲ. ಹಣ ಹೋಯಿತೆನ್ನುವುದಕ್ಕಿಂತ ಕಲಿಯುವ ಅವಕಾಶ ಹೋಯಿತೆಂಬುದೇ ನನಗೆ ಹೆಚ್ಚಿನ ನಷ್ಟವಾಗಿ ಕಂಡಿತು.

ಈ ಅಂಗಡಿಗಳು ತೋರಿಸುವ ಮುದ್ರೆಗಳನ್ನು ಕುರಿತು ಕೇಳುಗರಿಗೆ ಒಂದು ಮಾತು ಹೇಳಬೇಕು. ಐಎಸ್‌ಎಸ್‌ಎನ್ ಎಂಬ ಎಂಟು ಅಂಕಿಗಳ ಸಂಖ್ಯೆಯನ್ನು ದೊಡ್ಡದಾಗಿ ಅಚ್ಚು ಹಾಕುತ್ತಾರೆ. ಅದು ಮೋಟಾರಿನ ನಂಬರಿನಂತೆ ಗುರುತಿನ ಸಂಖ್ಯೆ ಮಾತ್ರ. ಗಾಡಿಯ ಬ್ರೇಕು ಸರಿಯಾಗಿದೆಯೆಂದು ಅದು ಹೇಳುವುದಿಲ್ಲ. ‘ಇಂಪ್ಯಾಕ್ಟ್ ಫ್ಯಾಕ್ಟರ್’ ಎಂಬ ಅಂಕವನ್ನೂ ತಾವೇ ಹುಟ್ಟುಹಾಕಿಕೊಳ್ಳುವುದುಂಟು. ಸಂಪಾದಕ ಮಂಡಳಿಯಲ್ಲಿ ದೊಡ್ಡವರ ಹೆಸರುಗಳಿರುತ್ತವೆ; ಅವರಲ್ಲಿ ಕೆಲವರಿಗೆ ತಮ್ಮ ಹೆಸರು ಅಲ್ಲಿದೆಯೆಂಬುದೇ ತಿಳಿದಿರುವುದಿಲ್ಲ.

ಇದು ನಮ್ಮ ದೇಶಕ್ಕೆ ಮಾತ್ರ ಅಂಟಿದ ರೋಗವಲ್ಲ. 2013ರಲ್ಲಿ ಜಾನ್ ಬೊಹಾನನ್ ಎಂಬ ವಿಜ್ಞಾನ ಪತ್ರಕರ್ತ, ಎದ್ದು ಕಾಣುವ ದೋಷಗಳನ್ನು ಬೇಕೆಂದೇ ತುಂಬಿದ ಒಂದು ಸುಳ್ಳು ಲೇಖನವನ್ನು ಮುನ್ನೂರನಾಲ್ಕು ಪತ್ರಿಕೆಗಳಿಗೆ ಕಳುಹಿಸಿದ. 157 ಪತ್ರಿಕೆಗಳು ಅದನ್ನು ಸ್ವೀಕರಿಸಿದವು. ಹೈದರಾಬಾದಿನ ‘ಓಮಿಕ್ಸ್’ ಎಂಬ ಪ್ರಕಾಶನ ಸಂಸ್ಥೆಗೆ ಅಮೆರಿಕದ ನ್ಯಾಯಾಲಯವೊಂದು 2019ರಲ್ಲಿ ಐದು ಕೋಟಿ ಡಾಲರಿಗೂ ಮಿಕ್ಕ ದಂಡವನ್ನು ವಿಧಿಸಿತು. ಶುಲ್ಕದ ವಿಷಯದಲ್ಲಿಯೂ ತಜ್ಞರ ಪರೀಕ್ಷೆಯ ವಿಷಯದಲ್ಲಿಯೂ ಲೇಖಕರನ್ನು ವಂಚಿಸಿತೆಂಬುದು ಆಪಾದನೆ.

ಆಯೋಗವು ಸುಮ್ಮನೆ ಕುಳಿತಿತೆಂದು ಹೇಳಲಾರೆ. ಒಪ್ಪಿಗೆ ಪಡೆದ ಪತ್ರಿಕೆಗಳ ಪಟ್ಟಿಯೊಂದನ್ನು 2017ರಲ್ಲಿ ಹೊರಡಿಸಿತು. ವಿಶ್ವವಿದ್ಯಾನಿಲಯಗಳೇ ಶಿಫಾರಸು ಮಾಡಿದ ಹೆಸರುಗಳೂ ಅದರಲ್ಲಿದ್ದವು. ಪುಣೆಯ ವಿದ್ವಾಂಸರು ಆ ಭಾಗದಿಂದ ಆಯ್ದ ಸಾವಿರದಷ್ಟು ಪತ್ರಿಕೆಗಳನ್ನು ಪರೀಕ್ಷಿಸಿ, ನೂರಕ್ಕೆ ಎಂಬತ್ತೆಂಟರಷ್ಟು ಕೀಳು ದರ್ಜೆಯವಿರಬಹುದೆಂದು 2018ರಲ್ಲಿ ನಮ್ಮ ಬೆಂಗಳೂರಿನ ‘ಕರೆಂಟ್ ಸೈನ್ಸ್’ನಲ್ಲಿಯೇ ಬರೆದರು. ಆ ವರ್ಷದ ಮೇ ತಿಂಗಳಲ್ಲಿ ಆಯೋಗವು 4,305 ಪತ್ರಿಕೆಗಳನ್ನು ಪಟ್ಟಿಯಿಂದ ತೆಗೆದುಹಾಕಿತು. ಅನಂತರ ‘ಕೇರ್’ ಎಂಬ ಹೊಸ ಪಟ್ಟಿ ಬಂದಿತು. 2022ರಲ್ಲಿ ಪಿಎಚ್.ಡಿ.ಗೆ ಮುನ್ನ ಲೇಖನ ಬೇಕೆಂಬ ಕಡ್ಡಾಯ ಹೋಯಿತು. 2025ರ ಫೆಬ್ರುವರಿಯಲ್ಲಿ ‘ಕೇರ್’ ಪಟ್ಟಿಯೂ ನಿಂತಿತು. ಒಳ್ಳೆಯ ಪತ್ರಿಕೆ ಯಾವುದೆಂಬ ನಿರ್ಣಯವನ್ನು ಕೆಲವು ಸೂಚನೆಗಳ ಸಹಿತ ವಿದ್ಯಾಸಂಸ್ಥೆಗಳಿಗೇ ಬಿಟ್ಟುಕೊಡಲಾಯಿತು. ನನಗೆ ಇದು ತಾತ್ತ್ವಿಕವಾಗಿ ಸರಿಯೆನಿಸುತ್ತದೆ. ಆದರೆ ಕೆಟ್ಟ ಪತ್ರಿಕೆಗಳನ್ನು ಹಿಂದೆ ಶಿಫಾರಸು ಮಾಡಿದವೂ ವಿಶ್ವವಿದ್ಯಾನಿಲಯಗಳೇ ಅಲ್ಲವೆ?

ದೊಡ್ಡ ಪ್ರಕಾಶಕರ ಪತ್ರಿಕೆಯಾದರೆ ಭಯವಿಲ್ಲವೆಂಬ ನಂಬಿಕೆಯೂ ಪೊಳ್ಳು. 2023ರಲ್ಲಿ ಹಿಂದಾವಿ ಎಂಬ ಪ್ರಕಾಶನ ಎಂಟು ಸಾವಿರಕ್ಕೂ ಹೆಚ್ಚು ಲೇಖನಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಅದರ ಒಡೆತನ ಆಗ ವೈಲಿ ಎಂಬ ಹಳೆಯ ಹೆಸರಾಂತ ಸಂಸ್ಥೆಯದಾಗಿತ್ತು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ತಂಡವೊಂದು 2020ರಲ್ಲಿ ‘ನೇಚರ್ ಕೆಮಿಕಲ್ ಬಯಾಲಜಿ’ಯಲ್ಲಿ ಪ್ರಕಟಿಸಿದ ಲೇಖನದ ಚಿತ್ರಗಳನ್ನು ಯಾರೋ ಓದುಗರು ಹೋಲಿಸಿ ನೋಡಿ ಸಂಶಯಪಟ್ಟರು. ಸಂಸ್ಥೆ ವಿಚಾರಣೆ ನಡೆಸಿತು, ಚಿತ್ರಗಳನ್ನು ತಿದ್ದಿದುದು ಕಂಡುಬಂದಿತು, 2021ರಲ್ಲಿ ಲೇಖನವನ್ನು ಹಿಂದಕ್ಕೆ ಪಡೆಯಲಾಯಿತು. ಅಪಮಾನದ ಪ್ರಸಂಗವೇ ಹೌದು. ಆದರೂ ಸಂಶಯ ಹುಟ್ಟಿದ ಮೇಲೆ ಆಗಬೇಕಾದುದು ಆಯಿತು. ಯಾರೂ ಓದದ ಪತ್ರಿಕೆಯಲ್ಲಿ ಸುಳ್ಳನ್ನು ಬರೆದವನಿಗೆ ಈ ಅಪಮಾನವೂ ಇಲ್ಲ.

ಹಾಗಾದರೆ ನಮ್ಮ ಭಾಗದ ಕಾಲೇಜುಗಳು, ಸಂಘಗಳು ಹೊರಡಿಸುವ ಸಣ್ಣ ಪತ್ರಿಕೆಗಳು ಏನು ಮಾಡಬಲ್ಲವು? ಲೇಖನ ಬಂದ ದಿನವನ್ನೂ ಸ್ವೀಕರಿಸಿದ ದಿನವನ್ನೂ ಅದರ ಕೆಳಗೆ ಅಚ್ಚು ಹಾಕುವುದಕ್ಕೆ ಒಂದು ಸಾಲು ಸಾಕು. ಮೂರು ದಿನದ ಪವಾಡ ಅಲ್ಲಿಯೇ ಬಯಲಾಗುತ್ತದೆ. ವರ್ಷಕ್ಕೆ ಎಷ್ಟು ಲೇಖನಗಳು ಬಂದವು, ಎಷ್ಟನ್ನು ಹಿಂದಿರುಗಿಸಲಾಯಿತೆಂಬ ಲೆಕ್ಕವನ್ನು ಕೊಡಬಹುದು. ತಪ್ಪು ಕಂಡಾಗ ಮುಂದಿನ ಸಂಚಿಕೆಯಲ್ಲಿ ಅದನ್ನು ತಿದ್ದಿ ಪ್ರಕಟಿಸಬಹುದು. ಶಿಷ್ಯನ ಬರಹದ ಮೇಲೆ ಗುರು ತನ್ನ ಹೆಸರನ್ನು ಸೇರಿಸುವ ವಾಡಿಕೆಗೆ ಸಂಪಾದಕನೊಬ್ಬನೇ ತಡೆಯೊಡ್ಡಬಲ್ಲ: ಇವರು ಈ ಲೇಖನದಲ್ಲಿ ಮಾಡಿದ ಕೆಲಸವೇನೆಂದು ಬರಹದಲ್ಲಿ ಕೇಳಿದರೆ ಆಯಿತು. ಲಂಡನ್ನಿನಲ್ಲಿ ವೈದ್ಯ ಪತ್ರಿಕೆಗಳ ಸಂಪಾದಕರು 1997ರಲ್ಲಿ ಕಟ್ಟಿಕೊಂಡ ಪ್ರಕಾಶನ ನೀತಿಯ ಸಮಿತಿ ಹೇಳುತ್ತ ಬಂದಿರುವುದೂ ಬಹುಮಟ್ಟಿಗೆ ಇಂಥ ಸರಳ ನಡವಳಿಗಳನ್ನೇ.

ಕಷ್ಟವಿರುವುದು ಪರೀಕ್ಷಕನನ್ನು ದೊರಕಿಸುವುದರಲ್ಲಿ. ಒಂದು ಲೇಖನವನ್ನು ನಿಷ್ಠೆಯಿಂದ ಪರೀಕ್ಷಿಸಲು ಎರಡು ಮೂರು ದಿನಗಳು ಬೇಕು. ಸಾಮಾನ್ಯವಾಗಿ ಅದಕ್ಕೆ ಸಂಭಾವನೆಯಿಲ್ಲ, ಹೆಸರು ಅಚ್ಚಾಗುವುದಿಲ್ಲ. 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರವು ಸುಮಾರು ಹದಿಮೂರು ಸಾವಿರ ಪತ್ರಿಕೆಗಳನ್ನು ಓದುವ ಸೌಲಭ್ಯವನ್ನು ದೇಶದ ವಿದ್ಯಾಸಂಸ್ಥೆಗಳಿಗೆ ಒದಗಿಸಲು ಮೂರು ವರ್ಷಗಳಿಗೆ ಆರು ಸಾವಿರ ಕೋಟಿ ರೂಪಾಯಿಗಳ ಯೋಜನೆಯನ್ನು ಒಪ್ಪಿತು. ಆ ಹಣದಿಂದ ಪರರ ಲೇಖನಗಳು ನಮ್ಮ ಕಾಲೇಜಿಗೆ ಬರುತ್ತವೆ, ಬರಬೇಕಾದುದೇ. ಹುಬ್ಬಳ್ಳಿಯ ಒಬ್ಬ ಅಧ್ಯಾಪಿಕೆ ಗದಗಿನ ಒಬ್ಬ ತರುಣನ ಲೇಖನವನ್ನು ಎರಡು ರಾತ್ರಿ ಕುಳಿತು ಓದಿ, ಅಂಚಿನಲ್ಲಿ ತಿದ್ದಿ, ಇದು ಇನ್ನೂ ಪಕ್ವವಾಗಿಲ್ಲವೆಂದು ಕಾರಣಸಹಿತ ಬರೆದು ಹಿಂದಿರುಗಿಸಿದರೆ, ಆ ಎರಡು ರಾತ್ರಿಗಳನ್ನು ಆಕೆಯ ಸೇವಾಪುಸ್ತಕದಲ್ಲಿ ಬರೆದುಕೊಳ್ಳಲು ನಮ್ಮ ವಿಶ್ವವಿದ್ಯಾನಿಲಯಗಳು ಒಂದು ಅಂಕಣವನ್ನು ತೆರೆಯಬೇಕು.