ಸರಕು ಗಾಡಿಯ ಶಾಕರ್ ಬದಲಿಸುವ ಕಾಲ

(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಇಂದಿನ ವಿಷಯ ಸಾಹಿತ್ಯದ್ದಲ್ಲ, ಸಂಗೀತದ್ದೂ ಅಲ್ಲ. ಸರಕು ಸಾಗಿಸುವ ಚಿಕ್ಕ ಮೋಟಾರು ಗಾಡಿಯ ಅಡಿಯಲ್ಲಿ, ಚಕ್ರದ ಪಕ್ಕದಲ್ಲಿ, ಧೂಳು ಕೆಸರು ಮೆತ್ತಿಕೊಂಡು ನಿಂತಿರುವ ಒಂದು ಕೊಳವೆಯ ವಿಷಯ. ನಮ್ಮೂರ ಗ್ಯಾರೇಜುಗಳಲ್ಲಿ ಅದನ್ನು ಶಾಕಪ್ಸರ್ ಎನ್ನುತ್ತಾರೆ; ದೆಹಲಿಯ ಮಿಸ್ತ್ರಿಗಳು ಶಾಕರ್ ಎನ್ನುತ್ತಾರೆ. ಇಲ್ಲಿ ಕುಳಿತಿರುವ ನಮ್ಮಲ್ಲಿ ಕೆಲವರು ಅಂಥ ಗಾಡಿ ನಡೆಸುವವರು, ಕೆಲವರು ಸರಕಿನೊಡನೆ ಗಾಡಿಯ ಹಿಂದೆ ಹೋಗಿ ಬರುವವರು, ಇನ್ನು ಕೆಲವರು ರಿಪೇರಿಯ ಬಿಲ್ಲುಗಳನ್ನು ಪರಿಶೀಲಿಸುವ ಗುಮಾಸ್ತರು. ಗಾಡಿಯೊಡನೆ ಕಂಪನಿಯಿಂದ ಬಂದ ಶಾಕರನ್ನು ಯಾವಾಗ ಬದಲಿಸಬೇಕೆಂಬ ಪ್ರಶ್ನೆ ಈ ಮೂವರಿಗೂ ಸೇರಿದ್ದು.

ಮೊದಲು ಅದರ ಕೆಲಸವೇನೆಂದು ತಿಳಿಯೋಣ. ಎತ್ತಿನ ಗಾಡಿಗೆ ಕಮಾನಿಲ್ಲ. ಚಕ್ರ ಕಲ್ಲು ಹತ್ತಿದರೆ ಗಾಡಿಯೂ ಹತ್ತಿತು, ಇಳಿದರೆ ಇಳಿಯಿತು. ಜಟಕಾ ಗಾಡಿಗೆ ಉಕ್ಕಿನ ಪಟ್ಟಿಗಳ ಕಮಾನು ಬಂತು. ಕಮಾನು ಭಾರವನ್ನು ಹೊರುತ್ತದೆ, ಏಟನ್ನು ನುಂಗುತ್ತದೆ. ಆದರೆ ನುಂಗಿದ್ದನ್ನು ಮತ್ತೆ ಹೊರಗೆ ಹಾಕುತ್ತದೆ. ಆಗ ಗಾಡಿ ಮೇಲೂ ಕೆಳಗೂ ತೂಗುತ್ತದೆ. ಕುದುರೆಯ ಓಟಕ್ಕೆ ಆ ಪಟ್ಟಿಗಳು ಒಂದಕ್ಕೊಂದು ತಿಕ್ಕುವ ಘರ್ಷಣೆಯೇ ಸಾಕಾಗಿ ತೂಗಾಟ ನಿಲ್ಲುತ್ತಿತ್ತು. ಗಂಟೆಗೆ 60 ಕಿಲೋಮೀಟರು ಓಡುವ ಮೋಟಾರಿಗೆ ಅದು ಸಾಲದು. ಈ ತೂಗಾಟವನ್ನು ಬೇಗ ಅಡಗಿಸುವುದಕ್ಕಾಗಿ ಶಾಕರ್ ಇದೆ.

ಅದರ ಒಳಗೆ ಎಣ್ಣೆಯಿದೆ. ಎಣ್ಣೆಯಲ್ಲಿ ಒಂದು ಪಿಸ್ಟನ್ ಆಡುತ್ತದೆ. ಪಿಸ್ಟನ್ನಿನ ಸಣ್ಣ ರಂಧ್ರ ಮತ್ತು ಕವಾಟಗಳ ಮೂಲಕ ಎಣ್ಣೆ ನುಸುಳಬೇಕು. ಕೆರೆಯ ನೀರಿನಲ್ಲಿ ಕೈಯನ್ನು ಮೆಲ್ಲಗೆ ಆಡಿಸಿದರೆ ನೀರು ದಾರಿ ಬಿಡುತ್ತದೆ. ರಭಸದಿಂದ ಬೀಸಿದರೆ ಎದುರು ನಿಲ್ಲುತ್ತದೆ. ಶಾಕರಿನ ಎಣ್ಣೆಯೂ ಹಾಗೆಯೇ. ಚಕ್ರದ ಕುಣಿತ ಅಲ್ಲಿ ಶಾಖವಾಗಿ ಗಾಳಿಗೆ ಹೋಗುತ್ತದೆ. ಕೆಲವು ಬಗೆಗಳಲ್ಲಿ ಎಣ್ಣೆಯೊಡನೆ ಒತ್ತಡದ ಅನಿಲವನ್ನೂ ತುಂಬಿರುತ್ತಾರೆ.

ಇದು ಸುಖಪ್ರಯಾಣದ ಮಾತು ಮಾತ್ರವೆಂದು ಯಾರೂ ತಿಳಿಯಬಾರದು. ಬ್ರೇಕ್ ಹಿಡಿಯುವುದು ಚಕ್ರವನ್ನು. ಗಾಡಿಯನ್ನು ನಿಲ್ಲಿಸುವುದು ಟೈರಿಗೂ ರಸ್ತೆಗೂ ಇರುವ ಹಿಡಿತ. ಕುಣಿಯುತ್ತಿರುವ ಚಕ್ರಕ್ಕೆ ಆ ಹಿಡಿತ ಕಡಿಮೆ. ನೆಲ ಬಿಟ್ಟ ಚಕ್ರಕ್ಕೆ ಏನೂ ಇಲ್ಲ. ಬ್ರೇಕು ಹೊಸದಾಗಿದ್ದರೂ ಶಾಕರ್ ಸತ್ತಿದ್ದರೆ, ಹದಗೆಟ್ಟ ರಸ್ತೆಯಲ್ಲಿ ಗಾಡಿ ಇನ್ನಷ್ಟು ದೂರ ಹೋಗಿ ನಿಲ್ಲುತ್ತದೆ. ಡಿಸೆಂಬರ್, ಜನವರಿಯ ಮಂಜಿನಲ್ಲಿ ಮುಂದಿನ ಲಾರಿಯ ಹಿಂಬದಿ ಹತ್ತು ಮಾರು ದೂರದಲ್ಲಿ ಕಣ್ಣಿಗೆ ಬಿದ್ದಾಗ ಆ ದೂರವೇ ಪ್ರಾಣ. 2018ರಲ್ಲಿ ತೆರೆದ ಪೂರ್ವದ ಹೊರವರ್ತುಲ ಹೆದ್ದಾರಿಯಲ್ಲಿ ಕುಂಡ್ಲಿಯಿಂದ ಪಲವಲ್ ತನಕ 135 ಕಿಲೋಮೀಟರು ಸರಕು ಹೊತ್ತು ಓಡುವವರಿಗೆ ಇದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಿದ್ದರೆ ಬದಲಿಸುವುದು ತಡವಾಗುವುದೇಕೆ? ಬಲ್ಬು ಸುಟ್ಟರೆ ಕತ್ತಲೆಯಾಗುತ್ತದೆ, ಟೈರು ಒಡೆದರೆ ಗಾಡಿ ನಿಲ್ಲುತ್ತದೆ. ಶಾಕರ್ ಬಹುಮಟ್ಟಿಗೆ ಹಾಗೆ ಒಮ್ಮೆಲೇ ಕೆಡುವುದಿಲ್ಲ. ಕವಾಟ ಸವೆಯುತ್ತದೆ, ಸೀಲು ಗಟ್ಟಿಯಾಗಿ ಎಣ್ಣೆ ಜಿನುಗುತ್ತದೆ, ದಿನಕ್ಕೊಂದು ಕೂದಲೆಳೆಯಷ್ಟು ಶಕ್ತಿ ಕುಂದುತ್ತದೆ. ಚಾಲಕನ ಕೈಕಾಲುಗಳೂ ದಿನಕ್ಕೊಂದು ಕೂದಲೆಳೆಯಷ್ಟು ಅದಕ್ಕೆ ಹೊಂದಿಕೊಳ್ಳುತ್ತವೆ. ಸ್ವಲ್ಪ ಮೊದಲೇ ಬ್ರೇಕ್ ಒತ್ತುತ್ತಾನೆ, ತಿರುವಿನಲ್ಲಿ ಸ್ವಲ್ಪ ಗಟ್ಟಿಯಾಗಿ ಹಿಡಿಯುತ್ತಾನೆ, ಸಂಜೆಯ ಬೆನ್ನುನೋವಿಗೆ ವಯಸ್ಸನ್ನು ದೂರುತ್ತಾನೆ. ಹೀಗಾಗಿ ದಿನವೂ ನಡೆಸುವವನಿಗೇ ಆ ಬದಲಾವಣೆ ಎಲ್ಲರಿಗಿಂತ ಕಡಿಮೆ ತಿಳಿಯುತ್ತದೆ. ಹೊಸಬನೊಬ್ಬ ಅದೇ ಗಾಡಿ ಹತ್ತಿದರೆ ಮೊದಲ ಉಬ್ಬಿನಲ್ಲೇ ಕೇಳುತ್ತಾನೆ: “ಏನಣ್ಣ, ನಿನ್ನ ಗಾಡಿ ದೋಣಿಯ ಹಾಗೆ ತೂಗುತ್ತಲ್ಲ?” ಆದುದರಿಂದ ನಾವು ಇಂದು ಹೇಳಬೇಕಾದ ಮುಖ್ಯ ಮಾತು ಒಂದೇ. ಶಾಕರಿನ ವಿಷಯದಲ್ಲಿ ಅಭ್ಯಾಸವನ್ನು ನಂಬಬಾರದು. ಬರೆದಿಟ್ಟ ಗುರುತನ್ನು ನಂಬಬೇಕು.

ಯಾವ ಗುರುತುಗಳು? ಒಂದು, ಎಣ್ಣೆ. ಕೊಳವೆಯ ಮೇಲ್ಭಾಗದಲ್ಲಿ ತೆಳ್ಳಗೆ ಧೂಳು ಅಂಟಿದಂತೆ ಇದ್ದರೆ ಹೆದರಬೇಕಾಗಿಲ್ಲ. ಒರೆಸಿ ಬಿಟ್ಟು, ಒಂದು ವಾರ ಓಡಿಸಿ ನೋಡಿದಾಗ ಮತ್ತೆ ಒದ್ದೆಯಾಗಿ ಕೆಳಕ್ಕೆ ಇಳಿದಿದ್ದರೆ ಅದರ ಆಯುಸ್ಸು ಮುಗಿಯಿತು. ಎರಡು, ಟೈರು. ಅಂಗೈಯನ್ನು ಟೈರಿನ ಸುತ್ತ ಸವರಿದರೆ ಅಲ್ಲಲ್ಲಿ ಬಟ್ಟಲಿನಂತೆ ತಗ್ಗು ಬಿದ್ದಿರುವುದು ತಿಳಿದರೆ ಚಕ್ರ ಕುಣಿಯುತ್ತಾ ಓಡಿದೆಯೆಂದು ಅರ್ಥ. ಮೂರು, ನಡತೆ. ಬ್ರೇಕ್ ಹಾಕಿದಾಗ ಮೂತಿ ನೆಲಕ್ಕೆ ಕುಸಿಯುವುದು, ಉಬ್ಬು ದಾಟಿದ ಮೇಲೂ ಎರಡು ಮೂರು ಸಲ ತೂಗುವುದು, ಬದಿಯಿಂದ ಬಸ್ಸು ಹಾದಾಗ ಗಾಡಿ ಓಲಾಡುವುದು. ನಾಲ್ಕು, ತುದಿಗಳಲ್ಲಿರುವ ರಬ್ಬರ್ ಬುಷ್ ಹರಿದು ಕಟಕಟ ಶಬ್ದ ಬರುವುದು. ಕೆಲವು ಮಾದರಿಗಳಲ್ಲಿ ಬುಷ್ ಮಾತ್ರ ಬದಲಿಸಿದರೆ ಸಾಕು.

ಕಾರಿನ ಮೂಲೆಯನ್ನು ಕೈಯಿಂದ ಒತ್ತಿ ಬಿಟ್ಟು, ಎಷ್ಟು ಸಲ ತೂಗಿತೆಂದು ನೋಡುವ ಪರೀಕ್ಷೆಯನ್ನು ನೀವೆಲ್ಲ ಕಂಡಿದ್ದೀರಿ. ಸರಕು ಗಾಡಿಗೆ ಇದು ಅಷ್ಟು ನಂಬಿಕೆಗೆ ಅರ್ಹವಲ್ಲ. ಅದರ ಕಮಾನು ಬಿಗಿ, ಪಟ್ಟಿಗಳ ಘರ್ಷಣೆಯೂ ಹೆಚ್ಚು. ಸತ್ತ ಶಾಕರ್ ಇದ್ದರೂ ಗಾಡಿ ಅಲುಗದೆ ನಿಲ್ಲಬಹುದು. ಅದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿದೆ. ಸ್ವಲ್ಪ ಭಾರ ಹಾಕಿ, ಹದಗೆಟ್ಟ ರಸ್ತೆಯಲ್ಲಿ ಹದಿನೈದು ನಿಮಿಷ ಓಡಿಸಿ, ಸಮನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ನಾಲ್ಕೂ ಶಾಕರುಗಳನ್ನು ಎಚ್ಚರಿಕೆಯಿಂದ ಬೆರಳ ತುದಿಯಲ್ಲಿ ಮುಟ್ಟಿ ನೋಡಿ. ದುಡಿದದ್ದು ಬೆಚ್ಚಗಿರುತ್ತದೆ. ಒಂದೇ ಅಚ್ಚಿನಲ್ಲಿ ಒಂದು ಬೆಚ್ಚಗಿದ್ದು ಇನ್ನೊಂದು ತಣ್ಣಗಿದ್ದರೆ ತಣ್ಣಗಿರುವುದು ದುಡಿಯುತ್ತಿಲ್ಲ. ಹೊಗೆಕೊಳವೆ ಮುಟ್ಟದಂತೆ ನೋಡಿಕೊಳ್ಳಿ. ದೆಹಲಿಯ ಚಳಿಯ ಬೆಳಗ್ಗೆ ಎಣ್ಣೆ ಮಂದವಾಗಿ ಎಲ್ಲ ಶಾಕರುಗಳೂ ಗಟ್ಟಿಯಾಗಿಯೇ ತೋರುತ್ತವೆ. ಆದ್ದರಿಂದ ಓಡಿಸಿದ ಮೇಲೆಯೇ ತೀರ್ಮಾನಿಸಬೇಕು.

ಶಾಕರಿನ ತಪ್ಪಲ್ಲದ್ದನ್ನು ಅದರ ತಲೆಗೆ ಕಟ್ಟುವುದೂ ಉಂಟು. ಬರಿಯ ಗಾಡಿ ಎತ್ತಿ ಎಸೆದಂತೆ ಕುಲುಕಿದರೆ ಅದು ಹೆಚ್ಚಾಗಿ ಭಾರಕ್ಕೆಂದು ಮಾಡಿದ ಕಮಾನಿನ ಗುಣ, ಇಲ್ಲವೇ ಟೈರಿನಲ್ಲಿ ಗಾಳಿ ಹೆಚ್ಚಾದುದರ ಫಲ. ಗಾಡಿ ಒಂದು ಬದಿಗೆ ತಗ್ಗಿ ನಿಂತರೆ ಕಮಾನಿನ ಪಟ್ಟಿ ಮುರಿದಿರಬಹುದು. ಭಾರ ಹೊರುವುದು ಶಾಕರಿನ ಕೆಲಸವಲ್ಲ. ದಪ್ಪ ಶಾಕರ್ ಹಾಕಿಸಿದರೆ ಹೆಚ್ಚು ಸರಕು ಹೊರಬಹುದೆಂಬುದು ಸುಳ್ಳು ಲೆಕ್ಕ. 2005ರಲ್ಲಿ ಬಂದು ಉತ್ತರದ ಕಡೆ ಛೋಟಾ ಹಾಥಿ ಎಂದು ಹೆಸರಾದ ಟಾಟಾ ಏಸ್ ಗಾಡಿಯ ಮೊದಲ ಮಾದರಿಗೆ ಸುಮಾರು 750 ಕಿಲೋ ಹೊರೆಯ ಮಿತಿಯಿತ್ತು. ಹೆಸರು ಆನೆಯದಾದ ಮಾತ್ರಕ್ಕೆ ಬೆನ್ನು ಆನೆಯದಲ್ಲ. ಮಿತಿ ಮೀರಿದ ಹೊರೆಗೆ 2019ರ ತಿದ್ದುಪಡಿಯ ಮೋಟಾರು ಕಾನೂನಿನಲ್ಲಿ 20,000 ರೂಪಾಯಿ ದಂಡ, ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ. ಶಾಕರನ್ನು ಬೇಗ ಕೊಲ್ಲುವುದೂ ಅದೇ ಹೊರೆ.

ಇನ್ನೊಂದು ಕೊಲೆಗಾರ ರಸ್ತೆಯ ಉಬ್ಬು. ಭಾರತೀಯ ರಸ್ತೆ ಕಾಂಗ್ರೆಸ್ಸಿನ 1988ರ ಸೂಚನೆಯಂತೆ ಉಬ್ಬು 3.7 ಮೀಟರು ಅಗಲ, 10 ಸೆಂಟಿಮೀಟರು ಎತ್ತರ ಇರಬೇಕಿತ್ತು. ಗಂಟೆಗೆ 25 ಕಿಲೋಮೀಟರಿನಲ್ಲಿ ನಯವಾಗಿ ದಾಟುವಂತಿರಬೇಕಿತ್ತು. ಕಾರ್ಖಾನೆ ಪ್ರದೇಶಗಳ ಗಲ್ಲಿಗಳಲ್ಲಿ ಸಿಮೆಂಟು ಸುರಿದು ಮಾಡಿದ ಗೋಡೆಯಂಥ ಉಬ್ಬುಗಳನ್ನು ನಾವೆಲ್ಲ ದಿನವೂ ದಾಟುತ್ತೇವೆ. ಆದುದರಿಂದಲೇ ಒಂದೇ ಸಂಖ್ಯೆ ಎಲ್ಲರಿಗೂ ಹೊಂದದು. 80,000 ಕಿಲೋಮೀಟರಿಗೆ ಬದಲಿಸಿ, 20,000ಕ್ಕೊಮ್ಮೆ ಪರೀಕ್ಷಿಸಿ ಎಂದು ತಯಾರಕರು ಹೇಳುವುದುಂಟು. ಹೆದ್ದಾರಿಯಲ್ಲೇ ಓಡುವ ಗಾಡಿಗೆ ಆ ಲೆಕ್ಕ ಸರಿಹೋಗಬಹುದು. ಆಜಾದಪುರ ಮಂಡಿಯಿಂದ ನರೇಲಾ, ಬವಾನಾಗಳ ಒಳರಸ್ತೆಗೆ ತುಂಬಿದ ಹೊರೆಯೊಡನೆ ತಿರುಗುವ ಗಾಡಿಗೆ ಅದಕ್ಕಿಂತ ಬಹಳ ಮೊದಲೇ ಪರೀಕ್ಷೆ ಬೇಕು. 80,000ವನ್ನು ಕಣ್ಣು ತೆರೆಯುವ ಗಡುವೆಂದು ತಿಳಿಯಿರಿ. ಅಲ್ಲಿಯ ತನಕ ಕಣ್ಣು ಮುಚ್ಚಿರಲು ಕೊಟ್ಟ ಅನುಮತಿಯಲ್ಲ.

ಇಲ್ಲಿ ಗುಮಾಸ್ತ ಬಂಧುಗಳಿಗೆ ಒಂದು ಮಾತು. ಚಾಲಕ “ಗಾಡಿ ತೂಗ್ತಿದೆ ಸಾರ್” ಎಂದರೆ ಹೊಸ ಭಾಗದ ಆಸೆಗೆ ಹೇಳಿದನೆಂದು ನಾವು ತಳ್ಳಿಹಾಕುವುದು ಸುಲಭ. ಬಿಲ್ಲು ಉಳಿಯಿತೆಂಬ ಹೆಮ್ಮೆಯೂ ಬರುತ್ತದೆ. ಆದರೆ ಬೇಗ ಸವೆದ ಟೈರು, ಒಡೆದ ಸರಕು, ಬೆನ್ನು ಹಿಡಿದುಕೊಂಡು ರಜೆ ಹಾಕಿದ ಚಾಲಕ, ಇವು ಬೇರೆ ಬೇರೆ ಲೆಕ್ಕದಲ್ಲಿ ಬರುವುದರಿಂದ ಉಳಿತಾಯದಂತೆ ತೋರುತ್ತದೆ, ಅಷ್ಟೆ. ನಮ್ಮ ಕೈಲಿರುವ ಆಯುಧ ಲೇಖನಿ. ಪ್ರತಿ ಗಾಡಿಗೆ ಒಂದು ಪುಟ ಹಾಕಿರಿ. ತಾರೀಖು, ಮೀಟರಿನ ಸಂಖ್ಯೆ, ನಾಲ್ಕು ಶಾಕರುಗಳ ಸ್ಥಿತಿ, ಟೈರಿನ ಸವೆತ, ಚಾಲಕನ ಮಾತು ಅವನ ಶಬ್ದದಲ್ಲೇ. ತಿಂಗಳಿಗೊಮ್ಮೆ ಹತ್ತು ನಿಮಿಷ ಸಾಕು. ವರ್ಷಕ್ಕೊಮ್ಮೆ ಬೇರೆ ಚಾಲಕನಿಂದ ಗಾಡಿ ಓಡಿಸಿ ಅವನ ಅಭಿಪ್ರಾಯವನ್ನೂ ಬರೆಯಿರಿ. ಬಾಡಿಗೆಯ ಗಾಡಿಗಳಿಗೆ ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಪತ್ರ ಬೇಕಾಗುವುದರಿಂದ ಅದರ ಹಿಂದಿನ ತಿಂಗಳು ಈ ಪುಟವನ್ನು ತೆಗೆದು ನೋಡುವ ರೂಢಿ ಒಳ್ಳೆಯದು.

ಬದಲಿಸಲು ನಿಶ್ಚಯಿಸಿದ ಮೇಲೆ ಒಂದೇ ಅಚ್ಚಿನ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಒಂದು ಎತ್ತು ಹೊಸದು, ಒಂದು ಮುದಿಯಾದರೆ ನೊಗ ಓರೆಯಾಗುತ್ತದೆ. ಕಾಶ್ಮೀರಿ ಗೇಟಿನಂಥ ದೊಡ್ಡ ಪೇಟೆಯಲ್ಲಿ ಬೇಕಾದ್ದೆಲ್ಲ ಸಿಗುತ್ತದೆ. ಆದರೆ ಯಾವ ಪೇಟೆಯಲ್ಲಿಯೇ ಆಗಲಿ ಅಸಲಿಯ ಪಕ್ಕದಲ್ಲಿ ನಕಲಿಯೂ ಇರುತ್ತದೆ. ಮೊಹರಿನ ಪೆಟ್ಟಿಗೆ, ಭಾಗದ ಸಂಖ್ಯೆ, ಪಕ್ಕಾ ಬಿಲ್ಲು, ಈ ಮೂರನ್ನು ಕೇಳಿ ಪಡೆಯಿರಿ. ಬಣ್ಣ ಬಳಿದು ಎಣ್ಣೆ ತುಂಬಿದ ಹಳೆಯ ಶಾಕರನ್ನು ಅಗ್ಗವೆಂದು ಕೊಳ್ಳಬೇಡಿ. ಜೋಡಿಸುವಾಗ ಗಾಡಿ ಚಕ್ರಗಳ ಮೇಲೆ ನಿಂತ ಬಳಿಕವೇ ಬುಷ್‌ನ ಬೋಲ್ಟನ್ನು ಕೊನೆಯ ಬಿಗಿ ಮಾಡಲು ಮಿಸ್ತ್ರಿಗೆ ಹೇಳಿ. ನೇತಾಡುತ್ತಿರುವಾಗಲೇ ಬಿಗಿದರೆ ರಬ್ಬರು ತಿರುಚಿ ಬೇಗ ಹರಿಯುತ್ತದೆ. ತೆಗೆದ ಹಳೆಯದನ್ನು ಬೆಂಕಿಯಿಂದ ಕತ್ತರಿಸಲು ಯಾರಿಗೂ ಬಿಡಬೇಡಿ. ಒಳಗಿನ ಎಣ್ಣೆ, ಅನಿಲ ಸಿಡಿಯಬಹುದು.

ಕಡೆಯದಾಗಿ, ಹಳೆಯ ಗಾಡಿಯ ಪ್ರಶ್ನೆ. ದೆಹಲಿ ಪ್ರದೇಶದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಗಳನ್ನು ನಿಲ್ಲಿಸಲು ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತು. 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 2025ರಲ್ಲಿ ಆ ವಿಷಯ ಮತ್ತೆ ಕೋರ್ಟಿನ ಮುಂದೆ ಬಂದು ಹೊಸ ಆದೇಶಗಳಾದವು. ನಿಮ್ಮ ಗಾಡಿಗೆ ಯಾವುದು ಅನ್ವಯಿಸುವುದೆಂದು ಸಾರಿಗೆ ಕಛೇರಿಯಲ್ಲಿ ವಿಚಾರಿಸಿ, ಆಮೇಲೆ ದೊಡ್ಡ ಖರ್ಚು ಮಾಡಿ. ಆದರೆ “ಇನ್ನು ಮೂರೇ ತಿಂಗಳು ಓಡುವ ಗಾಡಿ, ಶಾಕರ್ ಯಾಕೆ?” ಎಂದು ಯಾರಾದರೂ ಕೇಳಿದರೆ, ಆ ಮೂರು ತಿಂಗಳು ಯಾವುವೆಂದು ಮರುಪ್ರಶ್ನೆ ಹಾಕಿ. ಡಿಸೆಂಬರಿನಿಂದ ಫೆಬ್ರವರಿಯಾದರೆ ಅದು ಮಂಜಿನ ಕಾಲ. ಗಾಡಿ ಗುಜರಿಗೆ ಹೋಗುವ ದಿನ ಗೊತ್ತಾಗಿರಬಹುದು. ಅದನ್ನು ನಡೆಸುವವನು ಮಾತ್ರ ಅಂದು ಸಂಜೆಯೂ ಮನೆಗೆ ಬರಬೇಕಾದವನು.

ಪುಟದ ಮಾದರಿಯೊಂದನ್ನು ಗೆರೆ ಎಳೆದು ವಾಚನಾಲಯದ ಮೇಜಿನ ಮೇಲೆ ಇಟ್ಟಿದ್ದೇವೆ. ಬೇಕಾದವರು ನಕಲು ಮಾಡಿಕೊಳ್ಳಬಹುದು. ಓದು ಬಾರದ ಚಾಲಕ ಬಂಧುಗಳಿಗೆ ಬರೆದುಕೊಡಲು ಭಾನುವಾರ ಬೆಳಗ್ಗೆ ನಾವು ಇಲ್ಲಿರುತ್ತೇವೆ.