ದಾನ ಬೇಡವೆಂದ ಸಂಘ

ನಮ್ಮಲ್ಲಿ ಯಾವುದೇ ಸಂಘ ಹುಟ್ಟಿದರೂ ಮೊದಲು ನಡೆಯುವ ಕೆಲಸ ರಸೀದಿ ಪುಸ್ತಕ ಅಚ್ಚು ಹಾಕಿಸುವುದು. ಎರಡನೆಯದು, ಗೌರವಾಧ್ಯಕ್ಷರಾಗಲು ಊರಿನ ದೊಡ್ಡ ಮನುಷ್ಯರೊಬ್ಬರನ್ನು ಹುಡುಕುವುದು. ಸಂಘದ ಉದ್ದೇಶವೇನು ಎಂಬ ಮಾತು ಆಮೇಲಿನದು. ಇದರಲ್ಲಿ ನಗುವಂಥದ್ದೇನೂ ಇಲ್ಲ. ಹಣವಿಲ್ಲದೆ, ದೊಡ್ಡವರ ಬೆಂಬಲವಿಲ್ಲದೆ ಸಾರ್ವಜನಿಕ ಕೆಲಸ ಸಾಗದು ಎಂಬುದು ಲೋಕಾನುಭವ. ಹೀಗಿರುವಾಗ, ಉಯಿಲಿನ ಮೂಲಕ ತಾನಾಗಿ ಬಂದ ಹತ್ತು ಸಾವಿರ ಡಾಲರನ್ನು ಬೇಡವೆಂದ ಸಂಘವೊಂದಿದೆ, ಅದರ ಸ್ಥಾಪಕ ವಿಶ್ವವಿದ್ಯಾನಿಲಯವೊಂದು ಕೊಡಬಂದ ಗೌರವ ಪದವಿಯನ್ನೂ ಒಲ್ಲೆನೆಂದ ಎಂದರೆ, ಅದು ಸನ್ಯಾಸಿಗಳ ಮಠವಿರಬೇಕು ಎಂದು ಕೇಳಿದವರು ಊಹಿಸಿಯಾರು. ಅದು ಸನ್ಯಾಸಿಗಳದ್ದಲ್ಲ, ಕುಡುಕರದ್ದು.

ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಹೆಸರು ಹೇಳಿಕೊಳ್ಳದ ಮದ್ಯವ್ಯಸನಿಗಳು. ಜನ ಬಳಸುವುದು ಎಎ ಎಂಬ ಎರಡಕ್ಷರವನ್ನು. ಕುಡಿತ ಬಿಡಬೇಕೆಂಬ ಆಸೆಯೊಂದೇ ಇದರ ಸದಸ್ಯತ್ವದ ಅರ್ಹತೆ. ಚಂದಾ ಇಲ್ಲ, ಪ್ರವೇಶ ಶುಲ್ಕವಿಲ್ಲ. ಹತ್ತಾರು ಜನ ಒಂದು ಕೋಣೆಯಲ್ಲಿ ಕೂತು, ಒಬ್ಬರಾದ ಮೇಲೊಬ್ಬರು ತಮ್ಮ ಕುಡಿತದ ಕಥೆ ಹೇಳುತ್ತಾರೆ. ಕೊನೆಯಲ್ಲಿ ಒಂದು ಬುಟ್ಟಿಯೋ ಚೀಲವೋ ಕೈಯಿಂದ ಕೈಗೆ ಸಾಗುತ್ತದೆ. ಇದ್ದವರು ಹಾಕುತ್ತಾರೆ, ಇಲ್ಲದವರು ಮುಂದಕ್ಕೆ ದಾಟಿಸುತ್ತಾರೆ. ಕೋಣೆಯ ಬಾಡಿಗೆ, ಕಾಫಿಯ ಖರ್ಚು ಅದರಲ್ಲೇ ತೀರಬೇಕು. ಹೊರಗಿನವರು ಹಾಕುವಂತಿಲ್ಲ ಎಂಬುದೇ ಇಲ್ಲಿನ ವಿಶೇಷ. ಸದಸ್ಯನೇ ಆದರೂ ಕೇಂದ್ರ ಕಚೇರಿಗೆ ವರ್ಷಕ್ಕೆ ಇಂತಿಷ್ಟಕ್ಕಿಂತ ಹೆಚ್ಚು ಕೊಡುವಂತಿಲ್ಲ.

ಈ ವೈರಾಗ್ಯ ಹುಟ್ಟಿನಿಂದ ಬಂದದ್ದಲ್ಲ. ಆರಂಭದಲ್ಲಿ ಇವರೂ ಹಣಕ್ಕಾಗಿ ಬಾಯಿ ಬಿಟ್ಟವರೇ.

1935ರ ಮೇ ತಿಂಗಳಲ್ಲಿ ಬಿಲ್ ವಿಲ್ಸನ್ ಎಂಬ ನ್ಯೂಯಾರ್ಕಿನ ಷೇರುಪೇಟೆಯ ದಲ್ಲಾಳಿ ಒಹಾಯೊ ರಾಜ್ಯದ ಆಕ್ರನ್ ಊರಿಗೆ ಬಂದಿದ್ದ. ಕುಡಿತದಿಂದ ಸರ್ವನಾಶವಾಗಿ, ಬಿಟ್ಟು ಕೆಲವೇ ತಿಂಗಳಾಗಿದ್ದವು. ಬಂದ ವ್ಯವಹಾರ ಕೆಟ್ಟಿತು. ಹೋಟೆಲಿನ ಪಡಸಾಲೆಯಲ್ಲಿ ನಿಂತವನ ಕಿವಿಗೆ ಬಾರಿನ ಗದ್ದಲ ಬಿತ್ತು. ಇನ್ನೊಬ್ಬ ಕುಡುಕನೊಡನೆ ಮಾತಾಡಿದರೆ ಮಾತ್ರ ತಾನು ಉಳಿದೇನು ಎನಿಸಿ, ಅಲ್ಲಿದ್ದ ದೂರವಾಣಿಯಿಂದ ಊರಿನ ಪಾದ್ರಿಗಳಿಗೆ ಕರೆ ಮಾಡಿದ. ಹಾಗೆ ಸಿಕ್ಕವನು ಡಾ. ಬಾಬ್ ಸ್ಮಿತ್, ಕುಡಿತಕ್ಕೆ ದಾಸನಾಗಿದ್ದ ಶಸ್ತ್ರವೈದ್ಯ. ಸ್ಮಿತ್ ಕಡೆಯ ಬಾರಿ ಕುಡಿದ ದಿನ, 1935ರ ಜೂನ್ 10, ಸಂಘದ ಹುಟ್ಟುಹಬ್ಬವೆನಿಸಿದೆ.

ಎರಡು ವರ್ಷಗಳಲ್ಲಿ ನಲವತ್ತರಷ್ಟು ಜನ ಕುಡಿತ ಬಿಟ್ಟರು. ವಿಲ್ಸನ್ನನ ತಲೆಯಲ್ಲಿ ದಲ್ಲಾಳಿಯ ಕನಸುಗಳು ಕುಣಿಯತೊಡಗಿದವು: ಸಂಘದ್ದೇ ಆಸ್ಪತ್ರೆಗಳು, ಸಂಬಳದ ಪ್ರಚಾರಕರು, ಒಂದು ಪುಸ್ತಕ. ಲಕ್ಷಾಂತರ ಡಾಲರ್ ಬೇಕು. ಅಮೆರಿಕದಲ್ಲಿ ಲಕ್ಷಗಳ ಮಾತೆತ್ತಿದರೆ ನೆನಪಾಗುವ ಮನೆತನ ಒಂದೇ. 1937ರ ಕೊನೆಯಲ್ಲಿ ಜಾನ್ ಡಿ. ರಾಕ್‌ಫೆಲರ್ ಜೂನಿಯರ್ ಅವರ ಆಪ್ತರೊಡನೆ ಇವರ ಸಭೆ ನಡೆಯಿತು. ಕಥೆಗಳನ್ನು ಕೇಳಿ ಆ ಆಪ್ತರು ಮರುಳಾದರು. ಅವರಲ್ಲಿ ಒಬ್ಬರು ಮಾತ್ರ, ಹಣ ಬಂದರೆ ಇದು ಕೆಡುವುದಿಲ್ಲವೇ ಎಂದು ಕೇಳಿದರು. ಅನಂತರ ಒಬ್ಬರು ಆಕ್ರನ್ನಿಗೆ ಹೋಗಿ ನೋಡಿ ಬಂದು, 50,000 ಡಾಲರ್ ಕೊಡಬಹುದೆಂದು ಶಿಫಾರಸು ಮಾಡಿದರು. ರಾಕ್‌ಫೆಲರ್ ಕೊಟ್ಟದ್ದು 5,000. ಅದನ್ನೂ ಚರ್ಚಿನ ಖಜಾನೆಯಲ್ಲಿಟ್ಟು, ತುರ್ತಿಗೆ ಮಾತ್ರ ತೆಗೆಯಿರಿ ಎಂದರು. ಅದರಲ್ಲಿ ಡಾ. ಸ್ಮಿತ್ ಅವರ ಮನೆಯ ಮೇಲಿನ ಅಡಮಾನದ ಸಾಲ ತೀರಿತು. ಉಳಿದದ್ದರಿಂದ ಇಬ್ಬರಿಗೂ ವಾರಕ್ಕೆ ಮೂವತ್ತು ಡಾಲರ್.

1940ರ ಫೆಬ್ರುವರಿ 8ರಂದು ನ್ಯೂಯಾರ್ಕಿನ ಯೂನಿಯನ್ ಕ್ಲಬ್ಬಿನಲ್ಲಿ ರಾಕ್‌ಫೆಲರ್ ಒಂದು ಔತಣ ಏರ್ಪಡಿಸಿದಾಗ ಆಸೆ ಮತ್ತೆ ಚಿಗುರಿತು. ಕರೆ ಹೋದದ್ದು ನಾನೂರು ಜನರಿಗೆ, ಬಂದವರು ಎಪ್ಪತ್ತೈದರಷ್ಟು. ಬಂದವರೆಲ್ಲ ಕೋಟ್ಯಧಿಪತಿಗಳು. ಪ್ರತಿ ಮೇಜಿಗೂ ಒಬ್ಬ ಮಾಜಿ ಕುಡುಕ. ಒಬ್ಬ ಬ್ಯಾಂಕರ್ ಪಕ್ಕದವನನ್ನು, ತಾವು ಯಾವ ಸಂಸ್ಥೆಯವರು ಎಂದು ವಿಚಾರಿಸಿದ. ಸದ್ಯಕ್ಕೆ ಯಾವುದೂ ಇಲ್ಲ, ಕೆಲವು ತಿಂಗಳ ಹಿಂದೆ ಹುಚ್ಚಾಸ್ಪತ್ರೆಯಲ್ಲಿದ್ದೆ ಎಂದನಂತೆ ಆತ. ರಾಕ್‌ಫೆಲರ್ ಅಸ್ವಸ್ಥರಾಗಿದ್ದರಿಂದ ಮಗ ನೆಲ್ಸನ್ ಅಧ್ಯಕ್ಷತೆ ವಹಿಸಿದ್ದ. ಭಾಷಣಗಳು ಮುಗಿದು, ಜೇಬಿನತ್ತ ಕೈ ಹೋಗಬೇಕಾದ ಹೊತ್ತಿಗೆ ಆತ ಎದ್ದು ನಿಂತು ಹೇಳಿದ್ದಿಷ್ಟು: ಪ್ರತಿಫಲದ ಆಸೆಯಿಲ್ಲದೆ ಒಬ್ಬ ಇನ್ನೊಬ್ಬನಿಗೆ ನೆರವಾಗುವುದರಲ್ಲೇ ಈ ಕೆಲಸದ ಶಕ್ತಿಯಿದೆ; ಇದಕ್ಕೆ ಬೇಕಾದದ್ದು ನಮ್ಮ ಶುಭಾಶಯ, ಹಣವಲ್ಲ. ಅತಿಥಿಗಳು ಕೈಕುಲುಕಿ ಹೊರಟುಹೋದರು. ಹಣವೆಂದರೆ ಹೆಣವೂ ಬಾಯಿ ಬಿಡುತ್ತದಂತೆ. ಅಂದು ಬಿಟ್ಟ ಬಾಯಿ ಬಿಟ್ಟಂತೆಯೇ ಉಳಿಯಿತು. ವಿಲ್ಸನ್ ದಂಪತಿ ಆಗ ನೆಲೆಯಿಲ್ಲದವರು. ಬ್ರೂಕ್ಲಿನ್ನಿನ ಅವರ ಮನೆಯನ್ನು ಹಿಂದಿನ ವರ್ಷವೇ ಬ್ಯಾಂಕು ವಶಪಡಿಸಿಕೊಂಡಿತ್ತು.

ರಾಕ್‌ಫೆಲರ್ ಕೊಡದಿದ್ದುದು ಜಿಪುಣತನವೆಂದು ಅಂದು ಹಲವರಿಗೆ ಅನಿಸಿರಬೇಕು. ಈಗ ಹಿಂದಿರುಗಿ ನೋಡಿದರೆ ಅದರಲ್ಲಿ ಇನ್ನೊಂದು ಲಾಭವೂ ಕಾಣುತ್ತದೆ. ರಾಕ್‌ಫೆಲರ್ ಮನೆತನ ಮದ್ಯ ಮುಟ್ಟದ ಬ್ಯಾಪ್ಟಿಸ್ಟರದ್ದು. 1920ರಿಂದ 1933ರವರೆಗೆ ಅಮೆರಿಕದಲ್ಲಿ ಜಾರಿಯಲ್ಲಿದ್ದ ಪಾನನಿಷೇಧಕ್ಕೆ ಈ ಮನೆತನದ ಹಣವೂ ಬಲ ಕೊಟ್ಟಿತ್ತು. 1932ರಲ್ಲಷ್ಟೇ ಅವರು ಬಹಿರಂಗವಾಗಿ ನಿಲುವು ಬದಲಿಸಿದ್ದರು. ಅಂಥವರ ಲಕ್ಷಗಳ ಮೇಲೆ ನಿಂತ ಸಂಘವನ್ನು ಸಾಮಾನ್ಯ ಕುಡುಕ ಪಾನವಿರೋಧಿಗಳ ಹೊಸ ವೇಷವೆಂದೇ ಬಗೆದು, ಬಾಗಿಲವರೆಗೂ ಬರುತ್ತಿರಲಿಲ್ಲ.

ಇದು ಬರಿಯ ಊಹೆಯಲ್ಲ. ನೂರು ವರ್ಷಗಳ ಹಿಂದೆ ಇಂಥದೇ ಒಂದು ಸಂಘ ಹುಟ್ಟಿ, ಕೊಬ್ಬಿ, ಸತ್ತಿತ್ತು. 1840ರಲ್ಲಿ ಬಾಲ್ಟಿಮೋರ್ ನಗರದ ಹೆಂಡದಂಗಡಿಯೊಂದರಲ್ಲಿ ಆರು ಜನ ಗೆಳೆಯರು ಕುಡಿಯುವುದಿಲ್ಲವೆಂದು ಪಣ ತೊಟ್ಟರು. ಜಾರ್ಜ್ ವಾಷಿಂಗ್ಟನ್ನನ ಹೆಸರಿಟ್ಟುಕೊಂಡು ವಾಷಿಂಗ್ಟೋನಿಯನ್ನರು ಎನಿಸಿಕೊಂಡರು. ಕುಡುಕನ ಮಾತನ್ನು ಕುಡುಕನೇ ಕೇಳಿಯಾನು ಎಂಬ ಗುಟ್ಟು ಅವರಿಗೂ ಗೊತ್ತಿತ್ತು. ಕೆಲವೇ ವರ್ಷಗಳಲ್ಲಿ ಪಣ ತೊಟ್ಟವರ ಸಂಖ್ಯೆ ಲಕ್ಷಗಳನ್ನು ಮುಟ್ಟಿತು. 1842ರ ಫೆಬ್ರುವರಿ 22ರಂದು ಸ್ಪ್ರಿಂಗ್‌ಫೀಲ್ಡಿನಲ್ಲಿ ಇವರ ಸಭೆಯನ್ನುದ್ದೇಶಿಸಿ ಮಾತಾಡಿದವರು ಅಬ್ರಹಾಂ ಲಿಂಕನ್, ಆಗಿನ್ನೂ ತರುಣ ವಕೀಲ. ಅನಂತರ ಮೆರವಣಿಗೆಗಳು ಬಂದವು, ಹಣ ಪಡೆದು ಮಾತಾಡುವ ವಾಗ್ಮಿಗಳು ಬಂದರು, ಪಾನನಿಷೇಧದ ರಾಜಕಾರಣ ಬಂದಿತು. ಅವರಲ್ಲಿ ಬಹಳ ಹೆಸರಾದ ಜಾನ್ ಗಫ್ ಎಂಬ ಭಾಷಣಕಾರ 1845ರಲ್ಲಿ ನ್ಯೂಯಾರ್ಕಿನಲ್ಲಿ ಹಠಾತ್ತನೆ ಕಾಣೆಯಾದ. ಸುಮಾರು ಒಂದು ವಾರದ ನಂತರ ಸಿಕ್ಕಿದ್ದು ಸೂಳೆಗೇರಿಯ ಮನೆಯೊಂದರಲ್ಲಿ, ಅಮಲಿಳಿದ ಸ್ಥಿತಿಯಲ್ಲಿ. ಯಾರೋ ಪಾನಕದಲ್ಲಿ ಮದ್ದು ಬೆರೆಸಿದರೆಂದು ಆತ ಹೇಳಿಕೊಂಡ. ಪತ್ರಿಕೆಗಳಿಗೆ ಹಬ್ಬ. ದಶಕ ಮುಗಿಯುವುದರೊಳಗೆ ಚಳವಳಿಯೇ ಹೆಚ್ಚುಕಡಿಮೆ ಕಣ್ಮರೆಯಾಯಿತು. ಒಬ್ಬ ಮನುಷ್ಯ ಜಾರಿ ಬೀಳುವುದು ಬೇರೆ. ವೇದಿಕೆಯ ಮೇಲೆ ಹೂಮಾಲೆ ಹಾಕಿಸಿಕೊಂಡವನು ಬಿದ್ದರೆ ಅವನನ್ನು ನೋಡಿ ಬಿಟ್ಟ ಸಾವಿರ ಜನ ಮತ್ತೆ ಬಾಟಲಿ ಹಿಡಿಯಬಹುದು.

ಎಎ ಸಂಘಕ್ಕೂ ಈ ಕಂಟಕ ಬೇಗನೆ ಎದುರಾಯಿತು. 1940ರಲ್ಲಿ ಕ್ಲೀವ್‌ಲ್ಯಾಂಡಿನ ಪ್ರಸಿದ್ಧ ಬೇಸ್‌ಬಾಲ್ ಆಟಗಾರ ರೋಲಿ ಹೆಮ್ಸ್‌ಲಿ, ತಾನು ಕುಡಿತ ಬಿಟ್ಟದ್ದು ಎಎ ನೆರವಿನಿಂದ ಎಂದು ಪತ್ರಿಕೆಗಳಿಗೆ ತಿಳಿಸಿದ. ಅದನ್ನು ಕಂಡು ವಿಲ್ಸನ್ನನಿಗೂ ಹೆಸರಿನ ರುಚಿ ಹತ್ತಿತು. ಊರೂರಿನಲ್ಲಿ ತನ್ನ ಹೆಸರು, ಚಿತ್ರ ಅಚ್ಚಾಗಲು ಬಿಟ್ಟ. ಬಾಟಲಿ ಹೋದ ಜಾಗದಲ್ಲಿ ಕೀರ್ತಿ ಬಂದು ಕೂತಿತ್ತೆಂದು ಮುಂದೆ ತಾನೇ ಒಪ್ಪಿಕೊಂಡ. 1941ರ ಮಾರ್ಚ್ 1ರ ‘ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್’ ಪತ್ರಿಕೆಯಲ್ಲಿ ಲೇಖನ ಬಂದದ್ದೇ ತಡ, ವರ್ಷದೊಳಗೆ ಎರಡು ಸಾವಿರವಿದ್ದ ಸದಸ್ಯರು ಎಂಟು ಸಾವಿರವಾದರು. ಜನ ಹೆಚ್ಚಿದಂತೆ ಜಗಳವೂ ಹೆಚ್ಚಿತು. ಸ್ಥಾಪಕರಿಬ್ಬರೂ ಸಂಘದ ಹೆಸರಿನಲ್ಲಿ ಹಣ ಮಾಡುತ್ತಿದ್ದಾರೆಂಬ ಗುಲ್ಲು ಕ್ಲೀವ್‌ಲ್ಯಾಂಡಿನಲ್ಲೆದ್ದಾಗ, 1942ರಲ್ಲಿ ಅವರು ಲೆಕ್ಕ ತಪಾಸಣೆ ಮಾಡಿಸಿ, ಪತ್ರಗಳನ್ನು ಮುಂದಿಡಬೇಕಾಯಿತು. ಮದ್ಯ ತಯಾರಿಸುವ ಕಂಪೆನಿಗಳವರು ಮದ್ಯದ ಬಗ್ಗೆ ಜನಜಾಗೃತಿ ಮೂಡಿಸುತ್ತೇವೆಂದು ಹೊರಟು, ಅದಕ್ಕೊಬ್ಬ ಎಎ ಸದಸ್ಯನನ್ನು ದೊಡ್ಡ ಸಂಬಳಕ್ಕೆ ಹುಡುಕಿದ ಪ್ರಸಂಗವೂ ನಡೆಯಿತು. ಆ ಸದಸ್ಯ ಯೋಚಿಸಿ, ಬೇಡವೆಂದ.

ಇಂಥ ಪೆಟ್ಟುಗಳನ್ನು ತಿಂದ ಮೇಲೆ, 1946ರಲ್ಲಿ ವಿಲ್ಸನ್ ಹನ್ನೆರಡು ‘ಸಂಪ್ರದಾಯ’ಗಳನ್ನು ಬರೆದ. 1950ರ ಜುಲೈನಲ್ಲಿ ಕ್ಲೀವ್‌ಲ್ಯಾಂಡಿನ ಮಹಾಸಮ್ಮೇಳನ ಅವನ್ನು ಒಪ್ಪಿತು. ಹೊರಗಿನ ಯಾವ ಸಂಸ್ಥೆಗೂ ಎಎ ಹೆಸರು ಕೊಡಬಾರದು. ಹಣ, ಆಸ್ತಿ, ಪ್ರತಿಷ್ಠೆಗಳ ತೊಡಕು ಮೂಲ ಉದ್ದೇಶದಿಂದ ದಾರಿ ತಪ್ಪಿಸೀತು. ಹೊರಗಿನ ದೇಣಿಗೆ ಕೂಡದು. ಹೊರಗಿನ ವಿವಾದಗಳಲ್ಲಿ ಸಂಘಕ್ಕೆ ಅಭಿಪ್ರಾಯವೇ ಇಲ್ಲ. ಪತ್ರಿಕೆ, ರೇಡಿಯೊಗಳಲ್ಲಿ ಸದಸ್ಯರ ಹೆಸರು ಬರಬಾರದು. ಉಯಿಲಿನ ಹತ್ತು ಸಾವಿರವನ್ನು ಧರ್ಮದರ್ಶಿಗಳು ತಿರಸ್ಕರಿಸಿದ್ದು ಈ ನಡುವೆ, 1948ರಲ್ಲಿ, ಖಜಾನೆ ಸೊರಗಿದ್ದಾಗ. 1954ರಲ್ಲಿ ಯೇಲ್ ವಿಶ್ವವಿದ್ಯಾನಿಲಯ ವಿಲ್ಸನ್ನನಿಗೆ ಗೌರವ ಪದವಿ ಕೊಡಬಂದಿತು. ಹೆಸರಿನ ಬದಲು ಎರಡು ಇನಿಷಿಯಲ್‌ಗಳನ್ನಷ್ಟೇ ನಮೂದಿಸುತ್ತೇವೆ ಎಂದರೂ ಆತ ಒಪ್ಪಲಿಲ್ಲ. ಕೀರ್ತಿಯ ಚಪಲ ಆತನಿಗಿರಲಿಲ್ಲವೆಂದಲ್ಲ, ಬಹಳವಿತ್ತು. ಕುಡುಕ ಒಂದು ಗುಟುಕನ್ನು ನಿರಾಕರಿಸುವಂತೆ ಆತ ಅದನ್ನು ನಿರಾಕರಿಸಿದ.

ಈ ಎಚ್ಚರ ಇಲ್ಲದಿದ್ದರೆ ಏನಾಗಬಹುದಿತ್ತು ಎಂಬುದಕ್ಕೆ ಇದೇ ಬಳ್ಳಿಯ ಇನ್ನೊಂದು ಕಾಯಿ ಸಾಕ್ಷಿ. 1958ರಲ್ಲಿ ಎಎ ಸದಸ್ಯನಾಗಿದ್ದ ಚಾರ್ಲ್ಸ್ ಡೆಡರಿಕ್ ಕ್ಯಾಲಿಫೋರ್ನಿಯದಲ್ಲಿ ಸಿನನಾನ್ ಎಂಬ ಸಂಸ್ಥೆ ಕಟ್ಟಿದ. ಮಾದಕ ವ್ಯಸನಿಗಳನ್ನು ಗುಣಪಡಿಸುವ ಸಂಸ್ಥೆಯೆಂದು ಹೆಸರಾಯಿತು. ದೇಣಿಗೆ, ಜಮೀನು, ಕಟ್ಟಡ, ವ್ಯಾಪಾರ ಎಲ್ಲವೂ ಬಂದವು. ಎಪ್ಪತ್ತರ ದಶಕದಲ್ಲಿ ಅದು ತನ್ನನ್ನು ಧರ್ಮವೆಂದು ಘೋಷಿಸಿಕೊಂಡಿತು. 1978ರ ಅಕ್ಟೋಬರಿನಲ್ಲಿ, ಸಂಸ್ಥೆಯ ವಿರುದ್ಧ ವಾದಿಸಿದ್ದ ವಕೀಲನೊಬ್ಬ ತನ್ನ ಮನೆಯ ಅಂಚೆಪೆಟ್ಟಿಗೆಗೆ ಕೈ ಹಾಕಿದಾಗ ವಿಷದ ಹಾವು ಕಚ್ಚಿತು. ಬಾಲದ ಗಿಲಕಿ ಆಡಿಸಿ ಎಚ್ಚರಿಸುವ ಜಾತಿಯ ಹಾವು ಅದು. ಗಿಲಕಿಯನ್ನು ಮೊದಲೇ ಕತ್ತರಿಸಿದ್ದರು. ವಕೀಲ ಬದುಕಿಕೊಂಡ. ಡಿಸೆಂಬರಿನಲ್ಲಿ ಪೊಲೀಸರು ಡೆಡರಿಕ್ಕನನ್ನು ಬಂಧಿಸಲು ಹೋದಾಗ ಆತ ಕಂಠಪೂರ್ತಿ ಕುಡಿದು ಬಿದ್ದಿದ್ದ. 1991ರಲ್ಲಿ ಸಿನನಾನ್ ಮುಚ್ಚಿತು.

ಹಾಗೆಂದು ಎಎ ಪರಿಶುದ್ಧವಾಗಿ ಉಳಿಯಿತೆಂದು ತಿಳಿಯಬೇಕಿಲ್ಲ. ಮುಂಬಾಗಿಲಿಗೆ ಅಗುಳಿ ಹಾಕಿದರೆ ಹಣ ಹಿತ್ತಿಲಿನಿಂದ ಬರುತ್ತದೆ. 1939ರಲ್ಲಿ ಪ್ರಕಟವಾದ ಸಂಘದ ಪುಸ್ತಕವೇ ಆ ಹಿತ್ತಿಲು. ಇಪ್ಪತ್ತೈದು ಡಾಲರಿನ ಷೇರುಗಳನ್ನು ಮಾರಿ, ಸಾಲ ಮಾಡಿ ಅಚ್ಚು ಹಾಕಿಸಿದ ಆ ಗ್ರಂಥ ಮೊದಲಿಗೆ ಗೋದಾಮಿನಲ್ಲಿ ಕೊಳೆಯಿತು. 2010ರ ಹೊತ್ತಿಗೆ ಅದರ ಮೂರು ಕೋಟಿ ಪ್ರತಿಗಳಾಗಿದ್ದವು. ವಿಲ್ಸನ್ ಜೀವಿಸಿದ್ದು ಅದರ ರಾಯಲ್ಟಿಯಿಂದ. ಆತನ ನಂತರ ಪತ್ನಿ ಲೋಯಿಸ್ ಕೂಡ. ಹೊರಗಿನವರಿಂದ ಬಿಡಿಗಾಸು ಮುಟ್ಟದ ಕೇಂದ್ರ ಕಚೇರಿಯ ಖರ್ಚಿಗೆ ಒದಗುತ್ತ ಬಂದದ್ದೂ ಪುಸ್ತಕ ಮಾರಾಟದ ಆದಾಯ. ಆ ಪುಸ್ತಕ ಕೊಳ್ಳುವವರಲ್ಲಿ ಹೊರಗಿನವರೆಷ್ಟು ಎಂದು ಯಾರು ಕೇಳಬೇಕು? ಮುದ್ರಣಕ್ಕೆ ಹೋದ ಅದರ ಮೂಲ ಪ್ರತಿ, ತಿದ್ದುಪಡಿಗಳ ಸಮೇತ, 2018ರಲ್ಲಿ ಹರಾಜಾಗಿ 24 ಲಕ್ಷ ಡಾಲರ್ ತಂದಿತು. ಅದು ತಮ್ಮದೆಂದು ಸಂಘ ಮೊದಲು ನ್ಯಾಯಾಲಯದ ಮೆಟ್ಟಿಲು ಹತ್ತಿ, ಆಮೇಲೆ ಹಿಂದೆ ಸರಿದಿತ್ತು.

ಇದಕ್ಕಿಂತ ದೊಡ್ಡ ಸಂಗತಿ ಚಿಕಿತ್ಸಾಲಯಗಳದ್ದು. ಮಿನೆಸೋಟದಲ್ಲಿ 1949ರಲ್ಲಿ ಆರಂಭವಾದ ಹೇಝಲ್ಡನ್ನಿನಂಥ ಕೇಂದ್ರಗಳು ಎಎ ಸಂಘದ ಹನ್ನೆರಡು ಮೆಟ್ಟಿಲುಗಳನ್ನೇ ಚಿಕಿತ್ಸೆಯ ಭಾಗವಾಗಿಸಿಕೊಂಡವು. ಎಪ್ಪತ್ತರ ದಶಕದಿಂದ ವಿಮೆಯ ಹಣ ಹರಿದುಬಂದಂತೆ ಇದೊಂದು ಉದ್ಯಮವಾಯಿತು. ಪಕ್ಕದ ಬೀದಿಯ ಚರ್ಚಿನ ಕೋಣೆಯಲ್ಲಿ ಪುಕ್ಕಟೆ ಸಿಗುವ ಮಾತಿಗೆ ಇಲ್ಲಿ ಸಾವಿರಾರು ಡಾಲರ್ ಬಿಲ್ಲು. ಸಂಘ ಈ ಕೇಂದ್ರಗಳನ್ನು ನಡೆಸುವುದಿಲ್ಲ, ಬೇಡವೆನ್ನುವುದೂ ಇಲ್ಲ. ನ್ಯಾಯಾಧೀಶರೂ ಕುಡಿದು ವಾಹನ ನಡೆಸಿದವರನ್ನು ಎಎ ಸಭೆಗಳಿಗೆ ಕಳಿಸತೊಡಗಿದರು. ಸ್ವಂತ ಆಸೆಯಿಂದ ಬರಬೇಕಾದಲ್ಲಿಗೆ ಜನ ಹಾಜರಿ ಚೀಟಿಗೆ ಸಹಿ ಕೇಳುತ್ತ ಬಂದರು. ಎಎ ಕಾರ್ಯಕ್ರಮದಲ್ಲಿ ದೇವರ ಮಾತಿದೆ, ಆದ್ದರಿಂದ ಸರ್ಕಾರ ಅದಕ್ಕೆ ಯಾರನ್ನೂ ಬಲವಂತ ಮಾಡುವಂತಿಲ್ಲ ಎಂದು 1996ರಲ್ಲಿ ನ್ಯೂಯಾರ್ಕ್ ರಾಜ್ಯದ ಅತ್ಯುನ್ನತ ನ್ಯಾಯಾಲಯ ಕೈದಿಯೊಬ್ಬನ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಸಂಘ ಅಲ್ಲಿ ಕಕ್ಷಿದಾರನೂ ಆಗಿರಲಿಲ್ಲ. ದೇಣಿಗೆಯನ್ನೇನೋ ಹಿಂದಿರುಗಿಸಬಹುದು, ಸರ್ಕಾರ ತಾನಾಗಿ ಕೊಡುವ ಮನ್ನಣೆಯನ್ನು ಹಿಂದಿರುಗಿಸುವುದು ಯಾವ ವಿಳಾಸಕ್ಕೆ?

ಭಾರತಕ್ಕೆ ಎಎ ಬಂದದ್ದು 1957ರಲ್ಲಿ, ದೆಹಲಿಯ ಮೂಲಕ. ಬೆಂಗಳೂರಿನಲ್ಲೂ ಇಂಥ ಗುಂಪುಗಳು ಚರ್ಚು, ಶಾಲೆಗಳ ಕೋಣೆಗಳಲ್ಲಿ ಸದ್ದಿಲ್ಲದೆ ಸೇರುತ್ತವೆ. ಆದರೆ ಕನ್ನಡ ನಾಡಿನ ಹಳ್ಳಿಗಳಲ್ಲಿ ಹೆಚ್ಚು ಪರಿಚಿತವಾದದ್ದು ಇದಕ್ಕೆ ತೀರ ವಿರುದ್ಧವಾದ ದಾರಿ, ಧರ್ಮಸ್ಥಳದ ಆಶ್ರಯದಲ್ಲಿ ನಡೆಯುತ್ತ ಬಂದಿರುವ ಮದ್ಯವರ್ಜನ ಶಿಬಿರ. ಅಲ್ಲಿ ಊರಿನ ದಾನಿಗಳುಂಟು, ವೇದಿಕೆಯ ಮೇಲೆ ಗಣ್ಯರುಂಟು, ಹೆಂಡತಿ ಮಕ್ಕಳೆದುರು ಕುಡಿತ ಬಿಡುವ ಸಂಕಲ್ಪವುಂಟು. ಕ್ಷೇತ್ರದ ಪ್ರತಿಷ್ಠೆಯೇ ಅಲ್ಲಿ ಔಷಧ. ಮಂಜುನಾಥಸ್ವಾಮಿಯ ಹೆಸರಿನಲ್ಲಿ ಕೊಟ್ಟ ಮಾತಿಗೆ ತಪ್ಪಬಾರದೆಂಬ ಅಂಜಿಕೆಯನ್ನು ಹೆಸರಿಲ್ಲದ ಸಂಘ ತರಲಾರದು. ಶಿಬಿರ ಮುಗಿಸಿದವರಿಗಾಗಿ ನವಜೀವನ ಸಮಿತಿಗಳಿವೆ. ಅಲ್ಲಿ ಮತ್ತೆ ಕುಡುಕನೊಡನೆ ಕುಡುಕನೇ ಕೂತು ಮಾತಾಡಬೇಕು. ಎರಡು ದಾರಿಗಳೂ ಆ ಕೋಣೆಗೇ ಬಂದು ಸೇರುತ್ತವೆ.

ಡಾ. ಸ್ಮಿತ್ 1950ರ ನವೆಂಬರಿನಲ್ಲಿ ತೀರಿಕೊಂಡರು. ಅವರಿಗೊಂದು ದೊಡ್ಡ ಸ್ಮಾರಕ ಕಟ್ಟುವ ಯೋಚನೆ ಸದಸ್ಯರಿಗೆ ಬಂದದ್ದುಂಟು. ಎಲ್ಲರನ್ನೂ ಹೂಳುವಂತೆ ನಮ್ಮನ್ನೂ ಹೂಳಲಿ ಎಂದು ಬದುಕಿದ್ದಾಗಲೇ ಸ್ಮಿತ್ ಅದನ್ನು ತಡೆದಿದ್ದರು. ವಿಲ್ಸನ್ ಸತ್ತದ್ದು 1971ರ ಜನವರಿ 24ರಂದು. ಪೂರ್ಣ ಹೆಸರು, ಚಿತ್ರ ಪತ್ರಿಕೆಗಳಲ್ಲಿ ಬಂದದ್ದು ಆಗ. ವರ್ಮಾಂಟಿನ ಈಸ್ಟ್ ಡಾರ್ಸೆಟ್ ಹಳ್ಳಿಯಲ್ಲಿರುವ ಆತನ ಗೋರಿಯ ಕಲ್ಲಿನ ಮೇಲೆ ಸಂಘದ ಸುದ್ದಿಯೇ ಇಲ್ಲ. ಹೆಸರು, ಇಸವಿಗಳು, ಮೊದಲ ಮಹಾಯುದ್ಧದ ಸೈನಿಕನೆಂಬ ಉಲ್ಲೇಖ, ಇಷ್ಟೇ. ಹುಡುಕಿಕೊಂಡು ಬರುವವರು ಆ ಕಲ್ಲಿನ ಮೇಲೆ ಹಣ ಇಡುವುದಿಲ್ಲ. ಕುಡಿಯದೆ ಇಷ್ಟು ತಿಂಗಳಾಯಿತು, ಇಷ್ಟು ವರ್ಷವಾಯಿತು ಎಂದು ಸಭೆಗಳಲ್ಲಿ ಕೊಡುವ ಬಿಲ್ಲೆಯನ್ನು ಇಟ್ಟು ಹೋಗುತ್ತಾರೆ.